ಮಲೆನಾಡು ಗಿಡ್ಡ ದನಗಳ ಆನ್‌ಲೈನ್ ಹರಾಜು: ಕೆಲಸ ಎಲ್ಲಿವರೆಗೆ ಬಂತು

ಉಡುಪಿ ಜಿಲ್ಲೆಯ ಹೆಬ್ರಿ, ಕಾರ್ಕಳ, ಬ್ರಹ್ಮಾವರ ಕಡೆಯ ಮನೆಗಳಲ್ಲಿರುವ ಮಲೆನಾಡು ಗಿಡ್ಡ ಅನ್ನುವ ಚಿಕ್ಕ ಮೈಯ ದೇಸಿ ತಳಿಯ ದನಗಳನ್ನು ಆನ್‌ಲೈನ್ ಹರಾಜಿನಲ್ಲಿ ಮಾರಿಕೊಡುವ ಕೆಲಸ ಶುರು ಮಾಡಿದ್ದೆ. ಈಗ ದನಗಳ ಹರಾಜು ಸರಿಯಾಗಿ ನಡೆಯುತ್ತಿದೆ. ಒಳ್ಳೆಯ ಗಿಡ್ಡಗಳ ಭ್ರೂಣ ತಯಾರಿಸಿ ಬೇರೆ ದನಗಳ ಹೊಟ್ಟೆಯಲ್ಲಿ ಬೆಳೆಸುವ ಕೆಲಸ ಅರ್ಧ ದಾರಿಯಲ್ಲಿದೆ. ಇದು ನನ್ನ ಸಂಬಳದ ಕೆಲಸ ಅಲ್ಲ, ಕಮಿಷನ್ ಕೂಡ ತಗೊಳ್ಳುವುದಿಲ್ಲ. ಹಗಲು ಮಣಿಪಾಲದಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತೇನೆ, ಬೆಳಿಗ್ಗೆ ಸಂಜೆ ಹಟ್ಟಿ, ಅಂದರೆ ದನದ ಕೊಟ್ಟಿಗೆ. ನಮ್ಮ ಹಟ್ಟಿಯಲ್ಲೂ ಗಿಡ್ಡಗಳೇ ಇವೆ.

ಯಾಕೆ ಬೇಕಾಯಿತು ಅಂತ ಮೊದಲು ಹೇಳುತ್ತೇನೆ. ನಮ್ಮ ಕಡೆ ಹಟ್ಟಿ ಖಾಲಿ ಮಾಡುವ ಮನೆಗಳು ಜಾಸ್ತಿ ಆಗುತ್ತಿವೆ. ಮಕ್ಕಳು ಬೆಂಗಳೂರಲ್ಲಿ, ಮನೆಯಲ್ಲಿ ವಯಸ್ಸಾದವರು ಇಬ್ಬರೇ. ಸಗಣಿ ಬಾಚಲು, ಹುಲ್ಲು ಹೊರಲು ಆಗುವುದಿಲ್ಲ. ಆಗ ದಲ್ಲಾಳಿ ಬರುತ್ತಾನೆ. ಅವನು ನೋಡುವುದು ಮೈಯನ್ನು ಮಾತ್ರ. ಗಿಡ್ಡ ದನದ ಎತ್ತರ ಸುಮಾರು 90 ಸೆಂಟಿಮೀಟರ್. ದಿನಕ್ಕೆ ಎರಡು ಲೀಟರ್ ಕರೆದರೆ ಒಳ್ಳೆಯ ಕರಾವು. ಡೈರಿಯಲ್ಲಿ ಲೀಟರಿಗೂ ಫ್ಯಾಟಿಗೂ ದುಡ್ಡು, ಹಾಗಾಗಿ ಆ ಲೆಕ್ಕದಲ್ಲಿ ಇವಕ್ಕೆ ಬೆಲೆಯೇ ಬರುವುದಿಲ್ಲ. ಆದರೆ ಗುಡ್ಡಕ್ಕೆ ಬಿಟ್ಟರೆ ಮೇದುಕೊಂಡು ಬರುತ್ತವೆ. ನಮ್ಮ ಮಳೆಯನ್ನು ತಡೆಯುತ್ತವೆ. ಹಿಂಡಿಯ ಖರ್ಚು ಕಡಿಮೆ, ಡಾಕ್ಟರ ಖರ್ಚು ಇನ್ನೂ ಕಡಿಮೆ. ತೋಟಕ್ಕೆ ಸಗಣಿ, ಗಂಜಲ ಬೇಕು ಅಂತ ಇಂಥ ದನವನ್ನೇ ಹುಡುಕುವವರು ಶಿವಮೊಗ್ಗ, ತೀರ್ಥಹಳ್ಳಿ, ಬೆಂಗಳೂರಿನ ಸುತ್ತ ಇದ್ದಾರೆ. ಹುಡುಕುವವರಿಗೆ ದನ ಸಿಗುತ್ತಿಲ್ಲ, ಕೊಡುವವರಿಗೆ ಅವರು ಸಿಗುತ್ತಿಲ್ಲ.

ಹಿಂದೆ ಸುಬ್ರಹ್ಮಣ್ಯದ ಹತ್ತಿರ ಕುಲ್ಕುಂದದಲ್ಲಿ ದೊಡ್ಡ ಜಾನುವಾರು ಜಾತ್ರೆ ಸೇರುತ್ತಿತ್ತು. ಜಾತ್ರೆಗಳಲ್ಲಿ ವ್ಯಾಪಾರ ನಡೆಯುತ್ತಿದ್ದದ್ದು ಟವಲಿನ ಅಡಿಯಲ್ಲಿ. ಬೆರಳು ಹಿಡಿದು ಬೆಲೆ ಹೇಳುವುದು. ಪಕ್ಕದಲ್ಲಿ ನಿಂತವರಿಗೂ ಎಷ್ಟಕ್ಕೆ ಮುಗಿಯಿತು ಅಂತ ಗೊತ್ತಾಗುವುದಿಲ್ಲ. ನನಗೆ ಬೇಕಿದ್ದದ್ದು ಇದರ ಪೂರ್ತಿ ಉಲ್ಟಾ. ಬೆಲೆ ಎಲ್ಲರಿಗೂ ಕಾಣಬೇಕು. ಹೆಬ್ರಿಯಲ್ಲಿ ಒಂದು ದನ ಎಷ್ಟಕ್ಕೆ ಹೋಯಿತು ಅಂತ ಬ್ರಹ್ಮಾವರದ ಮನೆಯವರಿಗೂ ತಿಳಿಯಬೇಕು. ಹಾಗೆ ತಿಳಿದರೆ ದಲ್ಲಾಳಿ ಬಂದಾಗ ಅವರು ಗಟ್ಟಿಯಾಗಿ ಮಾತಾಡಬಹುದು, ಅಲ್ವಾ?

ಕೇಂದ್ರ ಸರ್ಕಾರ 2016ರ ನವೆಂಬರಿನಲ್ಲಿ ಇ-ಪಶುಹಾಟ್ ಅನ್ನುವ ವೆಬ್‌ಸೈಟ್ ಶುರು ಮಾಡಿತ್ತು. ದನ, ವೀರ್ಯ, ಭ್ರೂಣ ಮೂರಕ್ಕೂ ಅಲ್ಲಿ ಜಾಗ ಕೊಟ್ಟಿದ್ದರು. ಆ ಯೋಚನೆ ನನಗೆ ಇಷ್ಟ. ನಮ್ಮಲ್ಲಿ ಒಂದೊಂದು ಮನೆಯಲ್ಲಿ ಒಂದೆರಡೇ ದನ ಇರುವುದರಿಂದ, ಮನೆಮನೆಗೆ ಹೋಗಿ ಮಾಹಿತಿ ಸೇರಿಸುವವರು ಬೇಕು. ಆ ಓಡಾಟವನ್ನು ನಾನು ವಹಿಸಿಕೊಂಡೆ.

ಮಳೆಗೆ ಮುಂಚೆ: ದನದ ಪುಟ

"ಎಂತ ಮಾರಾಯ್ರೆ, ಮೈ ಮುಟ್ಟದೆ ದನ ತಗೊಳ್ಳುವವರು ಉಂಟಾ?" ಅಂತ ನೆರೆಮನೆಯ ಶೆಟ್ರು ಕೇಳಿದರು. ನಿಜವಾದ ಪ್ರಶ್ನೆ. ದನ ಕೊಳ್ಳುವವರು ಕೆಚ್ಚಲು ಹಿಡಿದು ನೋಡುತ್ತಾರೆ, ಹಲ್ಲು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಕೈಯಲ್ಲಿ ಮಾಡುವ ಆ ಪರೀಕ್ಷೆಯೆಲ್ಲ ಆನ್‌ಲೈನಿನಲ್ಲಿ ಆ ದನಕ್ಕೆ ಇರುವ ಪುಟದಲ್ಲಿ ಕಾಣಬೇಕು. ಅದಕ್ಕೇ ಅತಿ ಹೆಚ್ಚು ಸಮಯ ಕೊಟ್ಟೆ.

ಮೊದಲು ಕಿವಿಯ ಹಳದಿ ಓಲೆ. ಅದರಲ್ಲಿರುವ 12 ಅಂಕಿಯ ಪಶು ಆಧಾರ್ ಸಂಖ್ಯೆ ಸ್ಪಷ್ಟವಾಗಿ ಕಾಣುವಂತೆ ವಿಡಿಯೊ ಶುರುವಾಗಬೇಕು. ಕ್ಯಾಮೆರಾ ಅಲ್ಲಿಂದ ಕಡಿಯದೆ ಇಡೀ ಮೈ ಸುತ್ತಬೇಕು. ಮಧ್ಯದಲ್ಲಿ ಕಡಿದರೆ ಬೇರೆ ದನ ತೋರಿಸಿದ್ದಾರೋ ಅನ್ನುವ ಅನುಮಾನ ಬರುತ್ತದೆ. ಹಿಂದಿನಿಂದ, ಪಕ್ಕದಿಂದ, ಗಟ್ಟಿ ನೆಲದ ಮೇಲೆ ನಡೆಯುವಾಗ, ಎಲ್ಲ ಬೇಕು. ಗೊರಸು ಹತ್ತಿರದಿಂದ. ನಾಲ್ಕೂ ಮೊಲೆಯಿಂದ ಹಾಲು ಬರುವುದು ಬೇರೆ ಬೇರೆಯಾಗಿ ಕಾಣಬೇಕು. ಹಲ್ಲಿನ ಫೋಟೊ ಇದ್ದರೆ ಎರಡು ಹಲ್ಲೋ, ನಾಲ್ಕು ಹಲ್ಲೋ, ಹಲ್ಲೆಲ್ಲ ಬಂದು ಬಾಯಿಗೂಡಿದೆಯೋ ಅಂತ ನೋಡಿ ಕೊಳ್ಳುವವರೇ ವಯಸ್ಸಿನ ಲೆಕ್ಕ ಹಾಕುತ್ತಾರೆ. ಮೈಮೇಲಿನ ಕೂದಲ ಸುಳಿಯ ಫೋಟೊ ಕೂಡ ಹಾಕುತ್ತೇನೆ. ಸುಳಿಗೂ ಹಾಲಿಗೂ ಸಂಬಂಧ ಇದೆ ಅಂತ ನಾನು ನಂಬುವುದಿಲ್ಲ. ಆದರೆ ಕೊಳ್ಳುವವರು ಕೇಳಿಯೇ ಕೇಳುತ್ತಾರೆ. ಮೊದಲೇ ತೋರಿಸಿದರೆ ಮನೆಗೆ ಹೋದ ಮೇಲೆ ತಕರಾರು ಇಲ್ಲ.

ಹಾಲಿನ ವಿಷಯಕ್ಕೆ ಒಂದೇ ನಿಯಮ. ಮೂರು ದಿನ, ಎರಡೂ ಹೊತ್ತು, ತೂಕದ ಮೇಲೆ ಪಾತ್ರೆ ಇಟ್ಟು ವಿಡಿಯೊ. ಕರುವಿಗೆ ಬಿಟ್ಟ ಹಾಲನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ. ಎಷ್ಟನೇ ಸೂಲು, ಕರು ಹಾಕಿ ಎಷ್ಟು ತಿಂಗಳಾಯಿತು ಅನ್ನುವುದೂ ಜೊತೆಗೇ ಇರಬೇಕು. ಈದ ಎರಡನೇ ತಿಂಗಳ ಎರಡು ಲೀಟರಿಗೂ ಏಳನೇ ತಿಂಗಳ ಎರಡು ಲೀಟರಿಗೂ ತುಂಬಾ ವ್ಯತ್ಯಾಸ ಇದೆ.

ಆರೋಗ್ಯದ ಕಾಗದ ಡಾಕ್ಟರಿಂದಲೇ ಆಗಬೇಕು. ಕಾಲುಬಾಯಿ ಜ್ವರದ ಲಸಿಕೆ, ಚರ್ಮಗಂಟು ರೋಗದ ಲಸಿಕೆ, ಕಂದು ರೋಗದ (ಬ್ರುಸೆಲ್ಲೋಸಿಸ್) ರಕ್ತ ಪರೀಕ್ಷೆ. ಕಂದು ರೋಗದ ಲಸಿಕೆಯನ್ನು ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ಒಳಗೆ ಹಾಕಿಸಬೇಕು, ಆ ವಯಸ್ಸು ದಾಟಿದ ಮೇಲೆ ಹಾಕಿಸುವುದಿಲ್ಲ. ಈ ರೋಗ ಇರುವ ದನ ಹೊಸ ಹಟ್ಟಿಗೆ ಹೋದರೆ ಅಲ್ಲಿ ಗಬ್ಬ ಕಂದು ಹಾಕುವುದು ಶುರುವಾಗುತ್ತದೆ, ಮನುಷ್ಯರಿಗೂ ಹರಡುತ್ತದೆ. ಹಾಗಾಗಿ ಈ ಕಾಗದ ಇಲ್ಲದ ದನವನ್ನು ಎಷ್ಟೇ ಪರಿಚಯದವರು ಕೊಟ್ಟರೂ ಹಾಕುವುದಿಲ್ಲ.

ಗಡಿಯಾರ

ಹರಾಜು ಗುರುವಾರ ತೆರೆಯುತ್ತದೆ, ಭಾನುವಾರ ಸಂಜೆ ಏಳಕ್ಕೆ ಮುಗಿಯುತ್ತದೆ. ಕೊನೆಯ ಐದು ನಿಮಿಷದಲ್ಲಿ ಯಾರಾದರೂ ಬಿಡ್ ಹಾಕಿದರೆ ಮತ್ತೆ ಐದು ನಿಮಿಷ ಬೆಳೆಯುತ್ತದೆ. ಇದಿಲ್ಲದಿದ್ದರೆ ಎಲ್ಲರೂ ಕೊನೆಯ ಸೆಕೆಂಡಿಗೆ ಕಾಯುತ್ತಾರೆ, ನೆಟ್‌ವರ್ಕ್ ಚೆನ್ನಾಗಿರುವವರು ಗೆಲ್ಲುತ್ತಾರೆ. ನಮ್ಮ ಘಟ್ಟದ ಬುಡದಲ್ಲಿ ಗಾಳಿ ಮಳೆ ಬಂದರೆ ಕರೆಂಟೂ ಇಲ್ಲ, ಟವರೂ ಇಲ್ಲ. ಅಂಥವರಿಗಾಗಿ ಗರಿಷ್ಠ ಮೊತ್ತ ಮೊದಲೇ ಬರೆದಿಡುವ ವ್ಯವಸ್ಥೆ ಇದೆ. ಬೇರೆಯವರು ಏರಿಸಿದಾಗ ಮಾತ್ರ ಆ ಮೊತ್ತ ಮುಟ್ಟುವವರೆಗೆ ಅವರ ಪರವಾಗಿ ಬಿಡ್ಡಿಗೆ 500 ರೂಪಾಯಿ ಸೇರುತ್ತಾ ಹೋಗುತ್ತದೆ. ತಳಬೆಲೆಯನ್ನು ಬಚ್ಚಿಡುವುದಿಲ್ಲ, ಮೇಲೆಯೇ ಬರೆದಿರುತ್ತದೆ.

ಬಿಡ್ ಹಾಕುವವರು ತಮ್ಮ ಹಟ್ಟಿಯ ವಿಡಿಯೊ ಕಳಿಸಬೇಕು. ದನ ಎಲ್ಲಿ ಕಟ್ಟುತ್ತಾರೆ, ಮೇಯಲು ಜಾಗ ಇದೆಯೇ, ನೋಡಿಕೊಳ್ಳುವವರು ಯಾರು, ಇಷ್ಟು ಕಂಡರೆ ಸಾಕು. ಮಾರುವ ಮನೆಯವರು ಅದನ್ನು ನೋಡಿ ಒಪ್ಪಬೇಕು. ಆಂಧ್ರದ ಪುಟ್ಟ ಪುಂಗನೂರು ದನದ ಫೋಟೊಗಳು ಎಲ್ಲ ಕಡೆ ಓಡಾಡಿದ ಮೇಲೆ, ಗಿಡ್ಡ ಅಂದ ಕೂಡಲೇ ಮನೆಯೊಳಗೆ ಸಾಕುವ ಪ್ರಾಣಿ ಅಂದುಕೊಳ್ಳುವವರು ಬಂದಿದ್ದಾರೆ. ಟೆರೇಸಿನ ಮೇಲೆ ಕಟ್ಟುತ್ತೇನೆ ಅಂದವರಿಗೆ ಆಗುವುದಿಲ್ಲ ಅಂತ ಹೇಳಿದ್ದೇನೆ. ಇದು ಗುಡ್ಡ ಹತ್ತುವ ದನ. ಅದಕ್ಕೆ ನೆಲ ಬೇಕು, ಜೊತೆ ಬೇಕು.

ಸೋಣ ತಿಂಗಳು: ಮೊದಲ ಹರಾಜು

ತುಳು ತಿಂಗಳು ಆಟಿಯಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಹಟ್ಟಿಯಿಂದ ದನ ಕಳಿಸಲು ಹಿರಿಯರು ಯಾರೂ ಒಪ್ಪಲಿಲ್ಲ. ಅದರ ಮುಂದಿನ ತಿಂಗಳು ಸೋಣದವರೆಗೆ ಕಾದೆವು. ಮಂಗಳವಾರ, ಶುಕ್ರವಾರ ದನ ಹೊರಗೆ ಹೋಗುವುದಿಲ್ಲ, ಅದನ್ನೂ ನಿಯಮದಲ್ಲೇ ಬರೆದೆ.

ಆ ಹರಾಜಿನಲ್ಲಿ ಎರಡು ಕಪ್ಪು ದನ ಇದ್ದವು. ಹೆಚ್ಚು ಕಡಿಮೆ ಒಂದೇ ಮೈಕಟ್ಟು, ಎರಡೂ ಎರಡನೇ ಸೂಲು, ಎರಡಕ್ಕೂ ತಳಬೆಲೆ 15,000. ಒಂದರ ಮನೆಯ ಅಕ್ಕ ಮೂರು ದಿನವೂ ತಪ್ಪದೆ ಹಾಲು ತೂಗಿ ವಿಡಿಯೊ ಮಾಡಿದ್ದರು. ಇನ್ನೊಂದರ ಮನೆಯಲ್ಲಿ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ, ತೂಗಲು ಆಗಿರಲಿಲ್ಲ, ಹಾಲಿನ ಲೆಕ್ಕ ಇಲ್ಲದೆಯೇ ಹರಾಜಿಗೆ ಹಾಕಿದ್ದೆವು. ಅಕ್ಕನ ದನ 26,500ಕ್ಕೆ ಏರಿತು. ಇನ್ನೊಂದಕ್ಕೆ ಒಂದು ಬಿಡ್ ಕೂಡ ಬರಲಿಲ್ಲ. ಮುಂದಿನ ಹರಾಜಿಗೆ ಅವರೂ ತೂಗಿದರು. ಆಗ 23,000ಕ್ಕೆ ಹೋಯಿತು. ಅದೇ ದನ, ಅದೇ ಹಟ್ಟಿ. ಜನ ದುಡ್ಡು ಕೊಟ್ಟದ್ದು ಬರೆದಿಟ್ಟ ಲೆಕ್ಕಕ್ಕೆ. ಇದನ್ನು ನಾನು ಈಗ ಎಲ್ಲ ಮನೆಗಳಲ್ಲೂ ಹೇಳುತ್ತೇನೆ. ಮಾರುವ ಯೋಚನೆ ಇಲ್ಲದವರಿಗೂ ಒಂದು ನೋಟ್ ಪುಸ್ತಕ ಕೊಟ್ಟು ಬರುತ್ತೇನೆ. ಬೆದೆಗೆ ಬಂದ ದಿನ, ಯಾವ ಹೋರಿ, ಈದ ದಿನ, ಹಾಲು.

ಸಾಗಣೆಯನ್ನು ಕೊಳ್ಳುವವರ ಮೇಲೆ ಬಿಡಬಾರದು ಅಂತ ನಿರ್ಧರಿಸಿದ್ದೇನೆ. ಕರಾವಳಿಯಲ್ಲಿ ದನ ಹೊತ್ತ ವಾಹನವನ್ನು ಎಲ್ಲರೂ ನಿಲ್ಲಿಸಿ ಕೇಳುತ್ತಾರೆ. 2020ರ ರಾಜ್ಯದ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಕಾಗದ ಸರಿಯಿಲ್ಲದೆ ಹೊರಡಲೇಬಾರದು. ಪ್ರಯಾಣಕ್ಕೆ ದನ ಗಟ್ಟಿ ಇದೆ ಅನ್ನುವ ಡಾಕ್ಟರ ಸರ್ಟಿಫಿಕೇಟ್, ಸಾಗಣೆಯ ಅನುಮತಿ, ಮಾರಾಟದ ಪತ್ರ, ಓಲೆಯ ಸಂಖ್ಯೆ, ಹರಾಜಿನ ಪುಟದ ಪ್ರಿಂಟ್, ಎಲ್ಲ ಒಂದೇ ಫೈಲಿನಲ್ಲಿ ಚಾಲಕನ ಹತ್ತಿರ ಇರುತ್ತದೆ. ಹಗಲಲ್ಲೇ ಹೊರಡುತ್ತೇವೆ, ಠಾಣೆಗೆ ಮೊದಲೇ ತಿಳಿಸುತ್ತೇವೆ. 1978ರ ಸಾಗಣೆ ನಿಯಮದ ಪ್ರಕಾರ ಒಂದು ಸರಕು ವಾಹನದಲ್ಲಿ ಆರಕ್ಕಿಂತ ಹೆಚ್ಚು ದನ ಇರುವಂತಿಲ್ಲ. ನಮ್ಮದು ಸಣ್ಣ ಪಿಕಪ್, ಎರಡೇ ದನ. ಆಗುಂಬೆ ಘಾಟಿಯ 14 ತಿರುವಿನಲ್ಲಿ ಕಾಲು ಜಾರದಂತೆ ಅಡಿಗೆ ಮರಳು, ಮೇಲೆ ಬೈಹುಲ್ಲು ಹಾಸುತ್ತೇವೆ. ಕರು ಇದ್ದರೆ ತಾಯಿಗೆ ಕಾಣುವಂತೆ ಕಟ್ಟುತ್ತೇವೆ.

ಭ್ರೂಣಗಳ ಕೆಲಸ

ಗಿಡ್ಡ ದನ ಮೊದಲ ಕರು ಹಾಕುವಾಗ ಅದಕ್ಕೆ ನಾಲ್ಕು ವರ್ಷದ ಹತ್ತಿರ ಆಗಿರುತ್ತದೆ. ಆಮೇಲೆ ವರ್ಷಕ್ಕೊಂದು ಕರು ಬಂದರೇ ಹೆಚ್ಚು. ಅದರಲ್ಲಿ ಅರ್ಧ ಗಂಡು. ಒಂದು ಒಳ್ಳೆಯ ದನದ ವಂಶ ಹರಡಲು ಇಡೀ ಆಯಸ್ಸು ಸಾಲುವುದಿಲ್ಲ. ಹಾಗಾಗಿ ಭ್ರೂಣ.

ಕ್ರಮ ಹೀಗೆ. ಡಾಕ್ಟರು ಸ್ಕ್ಯಾನಿಂಗ್ ನೋಡುತ್ತಾ ಸೂಜಿಯಿಂದ ದನದ ಅಂಡಾಣುಗಳನ್ನು ತೆಗೆಯುತ್ತಾರೆ. ಲ್ಯಾಬಿನಲ್ಲಿ ಒಂದು ದಿನ ಹಣ್ಣಾಗಲು ಬಿಟ್ಟು ಹೋರಿಯ ವೀರ್ಯ ಸೇರಿಸುತ್ತಾರೆ. ಸುಮಾರು ಏಳು ದಿನದಲ್ಲಿ ಭ್ರೂಣ ತಯಾರು. ಬೆದೆಗೆ ಬಂದು ಏಳು ದಿನ ಆದ ಬಾಡಿಗೆ ತಾಯಿಗೆ, ಅಂದರೆ ಕರುವನ್ನು ಹೊತ್ತು ಈಯುವ ಬೇರೆ ದನಕ್ಕೆ, ಅದನ್ನು ಹಾಕುತ್ತಾರೆ. ನಮ್ಮ ದೇಸಿ ದನಗಳಲ್ಲಿ ಒಮ್ಮೆಗೆ ಸಿಗುವ ಅಂಡಾಣು ವಿದೇಶಿ ತಳಿಗಳಿಗಿಂತ ಜಾಸ್ತಿ, ಇದು ನಮಗೆ ಅನುಕೂಲ. ಆದರೆ ಗಿಡ್ಡದ ಮೈ ಚಿಕ್ಕದು. ಡಾಕ್ಟರು ಒಳಗೆ ಕೈ ಹಾಕಿ ಅಂಡಾಶಯ ಹಿಡಿಯಬೇಕು, ಎಲ್ಲ ದನಕ್ಕೂ ಆಗುವುದಿಲ್ಲ. ನಮ್ಮ ಪಟ್ಟಿಯಲ್ಲಿದ್ದ ದನಗಳನ್ನು ಅವರು ಒಂದೊಂದಾಗಿ ನೋಡಿ ಸ್ವಲ್ಪ ದೊಡ್ಡ ಮೈಯವನ್ನು ಮಾತ್ರ ಆರಿಸಿದ್ದಾರೆ.

ಬಾಡಿಗೆ ತಾಯಿಯ ವಿಷಯದಲ್ಲಿ ನನಗೆ ತುಂಬಾ ಖುಷಿಯಾದ ಸಂಗತಿ ಒಂದಿದೆ. ಜರ್ಸಿ ಮಿಶ್ರ ದನದ ಹೊಟ್ಟೆಯಲ್ಲಿ ಗಿಡ್ಡದ ಕರು ಬೆಳೆಯಬಹುದು. ಕರು ಚಿಕ್ಕದಾದ್ದರಿಂದ ಈಯುವುದು ಸುಲಭ. ರೈತರು ಡೈರಿಗೆ ಹಾಲು ಹಾಕುವುದನ್ನು ಬಿಡಬೇಕಾಗಿಲ್ಲ. ಕರುವಿನ ವಂಶ ಅಂಡಾಣು ಕೊಟ್ಟ ದನ ಮತ್ತು ಹೋರಿಯದ್ದೇ, ಹೊತ್ತ ತಾಯಿಯದ್ದು ಸೇರುವುದಿಲ್ಲ. ಅವಳ ಗಿಣ್ಣು ಹಾಲಿನಿಂದ ಆ ಹಟ್ಟಿಯ ರೋಗಗಳಿಗೆ ಬೇಕಾದ ಶಕ್ತಿ ಮಾತ್ರ ಕರುವಿಗೆ ಬರುತ್ತದೆ. ಇದೇ ಕೆಲಸವನ್ನು ತಿರುಗಿಸಿ ಯಾರೂ ಮಾಡಬೇಡಿ. ಗಿಡ್ಡದ ಹೊಟ್ಟೆಗೆ ದೊಡ್ಡ ಮೈಯ ಗಿರ್ ತಳಿಯ ಭ್ರೂಣ ಹಾಕಿದರೆ ಈಯುವಾಗ ತಾಯಿಯ ಜೀವಕ್ಕೇ ಅಪಾಯ.

ಹೆಪ್ಪುಗಟ್ಟಿಸಿದ ಭ್ರೂಣವನ್ನು ಸಣ್ಣ ಸ್ಟ್ರಾದಲ್ಲಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ಇದರ ಪುಟದಲ್ಲಿ ಏನೇನು ಇರಬೇಕು ಅಂತ ಈಗ ಬರೆಯುತ್ತಿದ್ದೇನೆ. ತಾಯಿ, ಹೋರಿ, ತಯಾರಾದ ದಿನ, ಸ್ಟ್ರಾ ಸಂಖ್ಯೆ ಇರಲೇಬೇಕು. ಭ್ರೂಣ ತಂತ್ರಜ್ಞಾನದ ಅಂತರರಾಷ್ಟ್ರೀಯ ಸಂಸ್ಥೆ ಐಇಟಿಎಸ್ ಗೊತ್ತುಮಾಡಿದ ಗುರುತಿನ ಅಂಕಿಗಳೂ ಬೇಕು. ಅದರಲ್ಲಿ ಬೆಳವಣಿಗೆಯ ಹಂತಕ್ಕೆ 1ರಿಂದ 9, ಗುಣಮಟ್ಟಕ್ಕೆ 1ರಿಂದ 4. ಗುಣಮಟ್ಟದಲ್ಲಿ 1 ಅಂದರೆ ಒಳ್ಳೆಯದು, 4 ಅಂದರೆ ಸತ್ತದ್ದು ಅಥವಾ ಕೆಟ್ಟದ್ದು. ಹೆಪ್ಪುಗಟ್ಟಿಸಿದ ವಿಧಾನವನ್ನೂ ಹೇಳಬೇಕು. ನಿಧಾನವಾಗಿ ಹೆಪ್ಪುಗಟ್ಟಿಸಿದ್ದನ್ನು ಕರಗಿಸುವ ಕ್ರಮ ಬೇರೆ, ವಿಟ್ರಿಫಿಕೇಶನ್, ಅಂದರೆ ಕ್ಷಣದಲ್ಲೇ ಗಾಜಿನಂತೆ ಗಟ್ಟಿ ಮಾಡಿದ್ದರ ಕ್ರಮ ಬೇರೆ. ತಿಳಿಯದೆ ಕರಗಿಸಿದರೆ ಕೊಟ್ಟ ದುಡ್ಡೆಲ್ಲ ನೀರಿಗೆ ಹೋಗುತ್ತದೆ.

ಹಾಕಿದ ಭ್ರೂಣವೆಲ್ಲ ಗಬ್ಬ ನಿಲ್ಲುವುದಿಲ್ಲ. ಅದರಲ್ಲೂ ಲ್ಯಾಬಿನಲ್ಲಿ ಬೆಳೆಸಿ ಹೆಪ್ಪುಗಟ್ಟಿಸಿದ್ದು ತಾಜಾ ಹಾಕಿದ್ದಕ್ಕಿಂತ ಕಡಿಮೆ ನಿಲ್ಲುತ್ತದೆ. ಅಮೆರಿಕದ ಹರಾಜುಗಳಲ್ಲಿ ತಜ್ಞರೇ ಹಾಕಿದರೆ ಇಷ್ಟು ಭ್ರೂಣಕ್ಕೆ ಇಷ್ಟು ಗಬ್ಬ ಖಾತ್ರಿ ಅಂತ ಮಾರುವ ಪದ್ಧತಿ ಇದೆ. ಬ್ರೆಜಿಲಿನಲ್ಲಿ ಭ್ರೂಣ ಹಾಕಿ ಗಬ್ಬ ನಿಂತ ಮೇಲೆ ಆ ಗಬ್ಬವನ್ನೇ ಹರಾಜು ಹಾಕುತ್ತಾರೆ. ನಮ್ಮ ಸಣ್ಣ ರೈತರಿಗೆ ಬ್ರೆಜಿಲಿನ ದಾರಿಯೇ ಸರಿ ಅನ್ನಿಸುತ್ತದೆ. ಸಾರಜನಕದ ಜಾಡಿ, ಬೆದೆ ಹೊಂದಿಸುವ ಇಂಜೆಕ್ಷನ್, ತಜ್ಞರ ಖರ್ಚು, ಇದನ್ನೆಲ್ಲ ಹೊತ್ತು ಕೊನೆಗೆ ಗಬ್ಬ ನಿಲ್ಲದಿದ್ದರೆ ಅವರು ಇನ್ನೊಮ್ಮೆ ಈ ಕಡೆ ಬರುವುದಿಲ್ಲ.

ಬ್ರೆಜಿಲಿನ ಮಾತು ಬಂದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. 2023ರಲ್ಲಿ ಅಲ್ಲಿ ವಿಯಾಟಿನಾ-19 ಅನ್ನುವ ನೆಲೋರ್ ದನದ ಮೂರನೇ ಒಂದು ಪಾಲು ಹರಾಜಾಯಿತು. ಆ ಲೆಕ್ಕದಲ್ಲಿ ಇಡೀ ದನದ ಬೆಲೆ ಸುಮಾರು 43 ಲಕ್ಷ ಡಾಲರ್. ನೆಲೋರ್ ಅಂದರೆ ನಮ್ಮ ಆಂಧ್ರದ ಓಂಗೋಲಿನ ವಂಶ. ದನ ಹೋದದ್ದು ಇಲ್ಲಿಂದ, ವಂಶಾವಳಿ ಬರೆದಿಟ್ಟದ್ದು ಅವರು. ಉಬೆರಾಬಾದಲ್ಲಿರುವ ಅವರ ತಳಿಗಾರರ ಸಂಘ ತಲೆಮಾರುಗಳಿಂದ ಆ ಪುಸ್ತಕ ಇಟ್ಟುಕೊಂಡು ಬಂದಿದೆ. ಹತ್ತಿರದ ಉದಾಹರಣೆ ಕೇರಳದ ವೆಚೂರು. ಅಳಿದೇ ಹೋಯಿತು ಅಂದುಕೊಂಡಿದ್ದ ತಳಿಯನ್ನು 1989ರಿಂದ ಸೋಸಮ್ಮ ಐಪ್ ಮತ್ತು ಅವರ ವಿದ್ಯಾರ್ಥಿಗಳು ಊರೂರು ಹುಡುಕಿ ಉಳಿಸಿದರು. ನಮ್ಮ ಗಿಡ್ಡಗಳು ಅಷ್ಟು ಕಡಿಮೆ ಆಗಿಲ್ಲ. ಆಗುವವರೆಗೆ ಕಾಯುವುದು ಯಾಕೆ?

ಈಗಿನ ಸ್ಥಿತಿ

ಬಾಡಿಗೆ ತಾಯಿಗಳಾಗಿ ಬ್ರಹ್ಮಾವರ ಕಡೆಯ ಜರ್ಸಿ ಮಿಶ್ರ ದನಗಳನ್ನು ಗುರುತಿಸಿದ್ದೇವೆ. ಮಾಲೀಕರು ಒಪ್ಪಿದ್ದಾರೆ, ರಕ್ತ ಪರೀಕ್ಷೆ ಆಗಬೇಕು. ಹೋರಿಯ ಆಯ್ಕೆ ಮುಗಿದಿಲ್ಲ. ಅಂಡಾಣು ಕೊಡುವ ದನಗಳಿಗೆ ರಕ್ತಸಂಬಂಧ ಇರುವ ಹೋರಿ ಬೇಡ ಅಂತ ಹುಡುಕುತ್ತಿದ್ದೇವೆ, ಇದಕ್ಕೂ ಮನೆಗಳ ಹಳೆಯ ನೆನಪೇ ಆಧಾರ. ಹುಟ್ಟುವ ಕರುಗಳಿಗೆ ಡಿಎನ್‌ಎ ಪರೀಕ್ಷೆ ಮಾಡಿಸಿ ತಂದೆತಾಯಿ ಖಚಿತ ಮಾಡಿಕೊಳ್ಳುತ್ತೇವೆ.

ಭ್ರೂಣ ಹಾಕುವುದು ದೀಪಾವಳಿ ಕಳೆದ ಮೇಲೆ, ಹಸಿ ಹುಲ್ಲು ಇರುವಾಗಲೇ. ಸ್ಕ್ಯಾನಿಂಗಿನಲ್ಲಿ ಗಬ್ಬ ಕಂಡ ಮೇಲೂ ಮೂರು ತಿಂಗಳು ತುಂಬುವವರೆಗೆ ಯಾವ ದನವನ್ನೂ ಹರಾಜಿಗೆ ಹಾಕುವುದಿಲ್ಲ. ಅಷ್ಟರೊಳಗೆ ದನಗಳ ಹರಾಜು ಎಂದಿನಂತೆ ಇರುತ್ತದೆ. ಉಡುಪಿ ಜಿಲ್ಲೆಯಲ್ಲಿ ಗಿಡ್ಡ ಸಾಕುವವರು, ಮಾರುವುದು ಬೇಡ ಅಂತ ಇದ್ದರೂ, ಈ ವಾರದಿಂದಲೇ ಹಾಲು ತೂಗಿ ಬರೆಯಲು ಶುರು ಮಾಡಿ. ತೂಕದ ಸ್ಕೇಲ್ ಇಲ್ಲದಿದ್ದರೆ ನಮ್ಮಲ್ಲಿ ಒಂದು ಹೆಚ್ಚಿಗೆ ಇದೆ, ಕೊಡುತ್ತೇನೆ.