ಕುದುರೆಗೆ ಜೋನಿ ಬೆಲ್ಲ

ಸಾಗರ, ಹೊಸನಗರ ತಾಲ್ಲೂಕುಗಳಲ್ಲಿ ಮೂವತ್ತೊಂದು ವರ್ಷ ಪಶುವೈದ್ಯಕೀಯ ಪರೀಕ್ಷಕನಾಗಿದ್ದವನು ನಾನು. ಊರವರ ಬಾಯಲ್ಲಿ ದನದ ಡಾಕ್ಟರು. ಅಷ್ಟು ವರ್ಷಗಳಲ್ಲಿ ನಾನು ಕೈಯಿಟ್ಟು ನೋಡಿದ ಕುದುರೆಗಳು ನಾಲ್ಕೇ ನಾಲ್ಕು. ಎರಡು, ಸುಗ್ಗಿ ಮುಗಿದ ಮೇಲೆ ಶಿಕಾರಿಪುರದ ಕಡೆಯ ಗದ್ದೆಗಳಿಗೆ ಮಂದೆ ಹೊಡೆದುಕೊಂಡು ಬರುವ ಕುರಿಗಾಹಿಗಳ ಹೇರು ಕುದುರೆಗಳು. ಒಂದು, ಮದುವೆಯ ಮೆರವಣಿಗೆಯಲ್ಲಿ ಪಟಾಕಿಗೆ ಬೆದರಿ ಚರಂಡಿಗೆ ಕಾಲು ಹಾಕಿಕೊಂಡದ್ದು. ನಾಲ್ಕನೆಯದು ನಾನು ತಲುಪುವ ಹೊತ್ತಿಗೆ ಸತ್ತುಹೋಗಿತ್ತು.

ಇಂಥವನನ್ನು ಕುದುರೆ ತಜ್ಞನೆಂದು ತಿಳಿದು ಒಬ್ಬರು ಮರುಭೂಮಿಗೆ ಕರೆದುಕೊಂಡು ಹೋದ ಕಥೆ ಇದು.

2022ರ ಬೇಸಿಗೆಯಲ್ಲಿ ನಾನು ಅಮೆರಿಕದ ಯೂಟಾ ರಾಜ್ಯದ ಸೇಂಟ್ ಜಾರ್ಜ್ ಎಂಬ ಊರಿನಲ್ಲಿ ಮಗಳ ಮನೆಯಲ್ಲಿದ್ದೆ. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಹೆಂಗಸು, ಒಂಟಿ. ಎರಡು ಕುದುರೆ ಸಾಕಿದ್ದರು. ಪ್ರತಿ ಮೇ ತಿಂಗಳು ಕುದುರೆಗಳನ್ನು ಟ್ರೇಲರಿಗೆ ಹತ್ತಿಸಿಕೊಂಡು ಐದಾರು ದಿನ ಎಲ್ಲಾದರೂ ಬಯಲಿನಲ್ಲಿ ಡೇರೆ ಹಾಕುವುದು ಅವರ ಅಭ್ಯಾಸ. ಆ ವರ್ಷ ಜೊತೆಗೆ ಹೋಗಬೇಕಿದ್ದ ಗೆಳತಿಗೆ ಮಂಡಿ ಶಸ್ತ್ರಚಿಕಿತ್ಸೆಯಾಗಿತ್ತು. ಮಗಳು ಬೇಲಿಯ ಬಳಿ ಮಾತಿಗೆ ನಿಂತಾಗ ನನ್ನ ಉದ್ಯೋಗದ ಸುದ್ದಿ ಹೊರಬಿತ್ತು. ಮಾರನೆಯ ದಿನ ಅವರು ಬಂದು, "ಡಾಕ್ಟರ್, ಬರುತ್ತೀರಾ?" ಎಂದರು. ನಾನು ಡಾಕ್ಟರನಲ್ಲ, ನೋಡಿದ್ದೂ ದನವನ್ನು ಎಂದೆ. ಕೊನೆಯವರೆಗೂ ಅವರು ಡಾಕ್ಟರ್ ಎನ್ನುವುದನ್ನು ಬಿಡಲಿಲ್ಲ.

"ಅಪ್ಪ, ಹೋಗಿ ಬನ್ನಿ. ಆದರೆ ಕುದುರೆ ಮಾತ್ರ ಹತ್ತಕೂಡದು" ಎಂದಳು ಮಗಳು. ಮಾತು ಕೊಟ್ಟೆ, ಉಳಿಸಿಕೊಂಡೆ. ಐದು ದಿನ ಕುದುರೆಗಳ ಜೊತೆಗಿದ್ದು ಒಮ್ಮೆಯೂ ಜೀನಿನ ಮೇಲೆ ಕೂರದವನು ನಾನು. ಕೂತವರಿಗಿಂತ ಹೆಚ್ಚು ಕೆಲಸ ಮಾಡಿದೆ ಎಂಬುದು ಬೇರೆ ಮಾತು.

ಎರಡು ಕುದುರೆಗಳಲ್ಲಿ ಒಂದು ಹದಿನೆಂಟು ವರ್ಷದ, ಬೀಜ ಒಡೆದ ಗಂಡು. ಮೈಬಣ್ಣ ನಮ್ಮ ಕೆಂದ ಎತ್ತಿನಂತೆಯೇ ಇದ್ದುದರಿಂದ ನನಗೆ ಅದು ಕೆಂದ ಆಯಿತು. ಇನ್ನೊಂದು ಬೂದು ಮಿಶ್ರಿತ ಬಿಳಿಯ ಹೆಣ್ಣು, ಬೆಳ್ಳಿ. ಅವಕ್ಕೆ ಇಂಗ್ಲಿಷ್ ಹೆಸರುಗಳಿದ್ದವು. ನನ್ನ ಹೆಸರಿಗೂ ಕಿವಿ ತಿರುಗಿಸುತ್ತಿದ್ದವು.

ಹೊರಡುವ ಹಿಂದಿನ ದಿನ ಸಾಮಾನು ತುಂಬುವುದನ್ನು ನೋಡಿ ನನಗೆ ದಿಗಿಲಾಯಿತು. ನಮ್ಮಿಬ್ಬರ ಊಟ, ಹಾಸಿಗೆ, ಡೇರೆ ಎಲ್ಲ ಸೇರಿ ಒಂದು ಮೂಲೆ. ಉಳಿದದ್ದೆಲ್ಲ ಕುದುರೆಗಳದು. ಇನ್ನೂರು ಲೀಟರಿನ ನೀರಿನ ಟ್ಯಾಂಕು. ಸಾಧಾರಣ ಗಾತ್ರದ ಒಂದು ಕುದುರೆ ದಿನಕ್ಕೆ ಒಂಬತ್ತು ಹತ್ತು ಕಿಲೋ ಒಣಹುಲ್ಲು ತಿನ್ನುತ್ತದೆ. ಆ ಲೆಕ್ಕದಲ್ಲಿ ಹುಲ್ಲಿನ ಕಟ್ಟುಗಳು. ಅದೂ ಸುಮ್ಮನೆ ಹುಲ್ಲಲ್ಲ, ಕಳೆಬೀಜ ಇಲ್ಲವೆಂದು ಪ್ರಮಾಣಪತ್ರ ಪಡೆದ ಹುಲ್ಲು. ಅಲ್ಲಿನ ಸರಕಾರಿ ಭೂಮಿಗೆ, ಕಾಡಿಗೆ ಬೇರೆ ಹುಲ್ಲು ಒಯ್ಯುವಂತಿಲ್ಲ. ಕಳೆಬೀಜ ಕುದುರೆಯ ಹೊಟ್ಟೆಯಲ್ಲಿ ಹಾದು, ಲದ್ದಿಯಲ್ಲಿ ಬಿದ್ದು, ಅಲ್ಲೇ ಮೊಳೆಯುತ್ತದೆ ಎಂಬುದು ಕಾರಣ. ನಮ್ಮ ಬೆಟ್ಟಗಳನ್ನು ಯುಪಟೋರಿಯಂ, ಲಂಟಾನ ನುಂಗಿದ್ದನ್ನು ಕಣ್ಣಾರೆ ನೋಡಿದವನಿಗೆ ಈ ನಿಯಮ ಸ್ವಲ್ಪವೂ ಅತಿ ಎನಿಸಲಿಲ್ಲ. ಜೊತೆಗೆ ಒಂದು ಕಡತ: ಆರೋಗ್ಯ ಪ್ರಮಾಣಪತ್ರ, ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆ ಇಲ್ಲವೆಂದು ತೋರಿಸುವ ಕಾಗಿನ್ಸ್ ಪರೀಕ್ಷೆಯ ವರದಿ. ನಾನು ಆ ಕಡತವನ್ನು ಕಾದಂಬರಿಯಂತೆ ಓದಿದೆ. ಕಾಲುಬಾಯಿ ರೋಗದ ಲಸಿಕೆ ಹಾಕಿಸಿದ್ದಕ್ಕೆ ದಾಖಲೆ ಕೇಳಿದರೆ ನಮ್ಮ ರೈತರು ಮಾಡುತ್ತಿದ್ದ ಮುಖ ನೆನಪಾಯಿತು.

ನಾವು ಹೋದದ್ದು ಪೊವೆಲ್ ಸರೋವರದ ದಂಡೆಯ ಹತ್ತಿರ, ಅರಿಜೋನಾ ಗಡಿಯ ಪಕ್ಕದಲ್ಲಿ. ಅಲ್ಲಿನ ಊರಿನ ಹೆಸರು ಬಿಗ್ ವಾಟರ್. ದೊಡ್ಡ ನೀರು! ಊರಿನ ಹಿಂದೆ ಬೂದಿ ಬಣ್ಣದ ಬೋಳುಗುಡ್ಡ, ಒಂದು ಹಸಿರು ಕಡ್ಡಿಯೂ ಇಲ್ಲ. ಮುಂದೆ, ದೂರದಲ್ಲಿ, ಕಣ್ಣು ಕುಕ್ಕುವ ನೀಲಿ. ನಾನು ಹಿನ್ನೀರಿನ ಊರಿನವನು, ಇವರದು ಹಿರಿನೀರು ಎಂದುಕೊಂಡು ಒಬ್ಬನೇ ನಕ್ಕೆ. ಇದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?

ಸರೋವರದ ಸುತ್ತಲಿನ ಬಂಡೆಗಳಿಗೆಲ್ಲ ಬುಡದಿಂದ ನೂರೈವತ್ತು ಅಡಿಗೂ ಹೆಚ್ಚು ಎತ್ತರದವರೆಗೆ ಸುಣ್ಣ ಬಳಿದಂತೆ ಬಿಳಿ ಪಟ್ಟಿ. ನೀರು ತುಂಬಿದ್ದಾಗ ಕಲ್ಲಿಗೆ ಅಂಟಿದ ಸುಣ್ಣದಂಶವದು. ನೀರು ಇಳಿದ ಮೇಲೆ ಬಯಲಾಗಿದೆ. ಆ ವರ್ಷ ಸರೋವರದಲ್ಲಿ ಕಾಲು ಭಾಗದಷ್ಟು ಮಾತ್ರ ನೀರಿತ್ತು. "ತುಂಬಿದರೆ 3700 ಅಡಿ" ಎಂದರು ಅವರು, ಮನೆಯ ಬಾಗಿಲ ಸಂಖ್ಯೆ ಹೇಳುವಷ್ಟು ಸಹಜವಾಗಿ. ನಾನು "1819" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಮಳೆಗಾಲ ಬಂದರೆ ನಮ್ಮ ಕಡೆ ಪತ್ರಿಕೆ ಬಿಚ್ಚಿದವನು ಮೊದಲು ನೋಡುವುದು ಲಿಂಗನಮಕ್ಕಿಯ ಮಟ್ಟ ಎಷ್ಟಾಯಿತು, 1819ಕ್ಕೆ ಇನ್ನೆಷ್ಟು ಅಡಿ ಬಾಕಿ ಎಂದು. ಅದನ್ನು ವಿವರಿಸುತ್ತಾ ಹೋದಂತೆ ಒಂದು ವಿಚಿತ್ರ ಹೊರಬಿತ್ತು. ಅವರ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಹಿಂದೆ ನೀರು ನಿಲ್ಲತೊಡಗಿದ್ದು 1963ರಲ್ಲಿ. ನಮ್ಮ ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ. ಅವರ ತಂದೆ ದೋಣಿಯಲ್ಲಿ ಟ್ರಕ್ಕು ದಾಟಿಸಿದ ಹೈಟ್ ಎಂಬ ಪುಟ್ಟ ಊರು ಆ ನೀರಿನ ಅಡಿಗೆ ಹೋಯಿತು. ನನ್ನ ಅಮ್ಮನ ತವರು ಈ ನೀರಿನ ಅಡಿಗೆ. ಬೇಸಿಗೆಯಲ್ಲಿ ನೀರಿಳಿದಾಗ ಮಡೆನೂರಿನ ಹಳೆಯ ಅಣೆಕಟ್ಟು ಮೇಲೇಳುತ್ತದೆ, ಜನ ನೋಡಲು ಹೋಗುತ್ತಾರೆ ಎಂದೆ. "ಇಲ್ಲಿಯೂ ಹಾಗೆಯೇ" ಎಂದರು. ಇಬ್ಬರೂ ಸ್ವಲ್ಪ ಹೊತ್ತು ಆ ಬಿಳಿ ಪಟ್ಟಿಯನ್ನೇ ನೋಡುತ್ತಾ ಕೂತೆವು. ಅಷ್ಟರಲ್ಲಿ ಕೆಂದ ಹುಲ್ಲಿನ ಬಲೆಯನ್ನು ಕಿತ್ತು ಕೆಳಗೆ ಹಾಕಿತು, ಎದ್ದೆವು.

ಹುಲ್ಲನ್ನು ನೆಲಕ್ಕೆ ಹಾಕದೆ ಬಲೆಯಲ್ಲಿ ತೂಗುಹಾಕುವುದಕ್ಕೆ ಕಾರಣವಿದೆ. ಮರಳಿನ ಮೇಲೆ ಹಾಕಿದರೆ ಹುಲ್ಲಿನ ಜೊತೆ ಮರಳೂ ಹೊಟ್ಟೆಗೆ ಹೋಗಿ ಕರುಳಿನಲ್ಲಿ ಕೂರುತ್ತದೆ, ಶೂಲೆ ತರುತ್ತದೆ. ನಾಲ್ಕು ಹೊಟ್ಟೆಯ ದನದ ಜೊತೆ ಆಯುಷ್ಯ ಕಳೆದವನಿಗೆ ಕುದುರೆಯ ಹೊಟ್ಟೆ ಒಂದು ಭಯ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು. ಎಲ್ಲಾದರೂ ತಡೆದರೆ ಪ್ರಾಣಕ್ಕೇ ಸಂಚಕಾರ.

ಮೊದಲ ರಾತ್ರಿಯೇ ನನ್ನ ಅಜ್ಞಾನ ಬಯಲಾಯಿತು. ಮರವಿಲ್ಲದ ಜಾಗ, ಟ್ರೇಲರಿಗೆ ಕಬ್ಬಿಣದ ಚೌಕಟ್ಟುಗಳನ್ನು ಸಿಕ್ಕಿಸಿ ಕುದುರೆಗಳಿಗೆ ಒಂದು ದೊಡ್ಡಿ ಮಾಡಿದ್ದೆವು. ಎರಡು ಗಂಟೆಯ ಹೊತ್ತಿಗೆ ಎದ್ದು ಟಾರ್ಚ್ ಬಿಟ್ಟರೆ ಕೆಂದ ಕಾಲು ಚಾಚಿ ಪೂರಾ ಅಡ್ಡಬಿದ್ದಿದೆ, ಕತ್ತು ನೆಲಕ್ಕೆ. ದನ ಹೀಗೆ ಬಿದ್ದಿತೆಂದರೆ ಹೊಟ್ಟೆಯುಬ್ಬರ ಏರುತ್ತದೆ, ಎಬ್ಬಿಸಿ ಕೂರಿಸಬೇಕು. ನಾನು ಬರಿಗಾಲಲ್ಲಿ ಓಡಿದೆ. ಬೆನ್ನಿಗೆ ಕೈ ಹಚ್ಚಿದ್ದೇ ತಡ ಕೆಂದ ಧಡಕ್ಕನೆ ಎದ್ದು ನನ್ನತ್ತ ನೋಡಿದ ನೋಟವನ್ನು ಮರೆಯಲಾರೆ. ನಿದ್ದೆ ಮಾಡುತ್ತಿತ್ತು. ಕುದುರೆ ನಿಂತೇ ತೂಕಡಿಸುತ್ತದೆ ನಿಜ, ಆದರೆ ಗಾಢ ನಿದ್ದೆಗೆ ದಿನದಲ್ಲಿ ಸ್ವಲ್ಪ ಹೊತ್ತಾದರೂ ಮಲಗಲೇಬೇಕು. ಅಷ್ಟು ನೆಮ್ಮದಿಯಾಗಿ ಮಲಗಿತ್ತೆಂದರೆ ಜಾಗ ಹಿಡಿಸಿದೆ ಎಂದರ್ಥ ಎಂದು ಬೆಳಿಗ್ಗೆ ಅವರು ನಗುತ್ತಾ ಹೇಳಿದರು. ನನ್ನ ಅಂಗಾಲಿನಿಂದ ಪಾಪಾಸುಕಳ್ಳಿಯ ಮುಳ್ಳು ಕೀಳುತ್ತಾ ಹೇಳಿದರು ಎನ್ನುವುದನ್ನೂ ಸೇರಿಸಬೇಕು.

ಬೆಳಗಿನ ಕೆಲಸ ಲದ್ದಿ ಎತ್ತುವುದು. ಎತ್ತಿ, ಚೀಲಕ್ಕೆ ತುಂಬಿ, ಮನೆಗೆ ವಾಪಸು ಒಯ್ಯಬೇಕು ಎಂಬುದು ಅವರ ಕಟ್ಟುನಿಟ್ಟು. ನಮ್ಮಲ್ಲಿ ಕುರಿಮಂದೆಯನ್ನು ಒಂದು ರಾತ್ರಿ ಗದ್ದೆಯಲ್ಲಿ ನಿಲ್ಲಿಸಿಕೊಳ್ಳಲು ರೈತರೇ ಕಾಳು ಅಳೆದುಕೊಡುತ್ತಾರೆ. ಕೊಟ್ಟಿಗೆ ಗೊಬ್ಬರದ ಪಾಲಿಗೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದನ್ನು ನಾನು ಬಲ್ಲೆ. ಇಲ್ಲಿ ನೆಲವೇ ಗೊಬ್ಬರ ಬೇಡವೆನ್ನುತ್ತದೆ. ನಡೆಯುವಾಗಲೂ ಅವರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆಯುತ್ತಿದ್ದರು: ಮರಳಿನ ಮೇಲೆ ಕಪ್ಪಗೆ ಹಕ್ಕಳೆಗಟ್ಟಿದಂತೆ ಇರುವುದು ಜೀವಂತ ಪದರ. ಪಾಚಿ, ಕಲ್ಲುಹೂವು, ಸೂಕ್ಷ್ಮಜೀವಿಗಳು ಸೇರಿ ಮರಳನ್ನು ಹಿಡಿದಿಟ್ಟಿರುವುದು. ಒಂದು ಗೊರಸು ಬಿದ್ದರೆ ಮತ್ತೆ ಕೂಡಿಕೊಳ್ಳಲು ದಶಕಗಳು ಬೇಕು.

ಬೆಳ್ಳಿ ನೀರು ಬಿಟ್ಟದ್ದು ಎರಡನೆಯ ಸಂಜೆ. ಟ್ಯಾಂಕಿನಲ್ಲಿದ್ದ ಮನೆಯ ನೀರು ಮುಗಿದು, ಸರೋವರದಿಂದ ಕ್ಯಾನುಗಳಲ್ಲಿ ತಂದು ಬಕೆಟ್ಟಿಗೆ ಸುರಿದೆವು. ಕೆಂದ ಗಟಗಟ ಕುಡಿಯಿತು. ಬೆಳ್ಳಿ ಮೂತಿ ತಂದು, ಮೂಸಿ, ಮೇಲ್ದುಟಿ ಎತ್ತಿ ಮುಖ ತಿರುಗಿಸಿತು. ರಾತ್ರಿಯೂ ಇಲ್ಲ, ಬೆಳಿಗ್ಗೆಯೂ ಇಲ್ಲ. ದಿನಕ್ಕೆ ಮೂವತ್ತು ನಲವತ್ತು ಲೀಟರು ಕುಡಿಯಬೇಕಾದ ಪ್ರಾಣಿ, ಅದೂ ಆ ಬಿಸಿಲು ಗಾಳಿಯಲ್ಲಿ. ಲದ್ದಿ ಸಣ್ಣದಾಗಿ ಗಟ್ಟಿಯಾಯಿತು. ಕತ್ತಿನ ಚರ್ಮ ಚಿವುಟಿ ಬಿಟ್ಟರೆ ತಕ್ಷಣ ಕೂರುತ್ತಿರಲಿಲ್ಲ. ಒಸಡು ಬೆರಳಿಗೆ ಅಂಟಂಟಾಗಿತ್ತು. ಹೊಟ್ಟೆಗೆ ಕಿವಿಯಿಟ್ಟೆ: ಗುಡುಗುಡು ಇತ್ತು, ಆದರೆ ಕಡಿಮೆ.

ಕುದುರೆಗಳು ಪರಸ್ಥಳದ ನೀರಿಗೆ ಹೀಗೆ ಮಾಡುವುದುಂಟು, ಮನೆಯಲ್ಲಿದ್ದಾಗಲೇ ಸೇಬಿನ ರಸ ಬೆರೆಸಿ ರೂಢಿ ಮಾಡಿಸುವವರಿದ್ದಾರೆ, ಈ ಸಲ ನಾನು ಮರೆತೆ ಎಂದು ಅವರು ತಮ್ಮನ್ನು ತಾವೇ ಬೈದುಕೊಂಡರು.

ನನಗೆ ನೆನಪಾದದ್ದು ಅಮ್ಮ ಹೇಳುತ್ತಿದ್ದ ಮಾತು. ಮುಳುಗಡೆಯ ವರ್ಷ ಅಜ್ಜ ದನಗಳನ್ನು ಹೊಡೆದುಕೊಂಡು ಹೊಸ ಜಾಗಕ್ಕೆ ಹೋದಾಗ ಅವು ಅಲ್ಲಿನ ಬಾವಿಯ ನೀರನ್ನು ಮುಟ್ಟಲಿಲ್ಲವಂತೆ. ಹಗ್ಗ ಬಿಚ್ಚಿದರೆ ಸಾಕು, ಹಳೆಯ ಕೆರೆಯ ದಾರಿ ಹಿಡಿಯುತ್ತಿದ್ದವು. ಅಜ್ಜಿ ವಾರಗಟ್ಟಲೆ ಅಕ್ಕಚ್ಚಿಗೆ ಬೆಲ್ಲ ಕದಡಿ ಇಟ್ಟು ಅವುಗಳ ಬಾಯಿ ಕೂಡಿಸಿದಳು.

ಅಕ್ಕಿ ತೊಳೆದೆ. ಅಕ್ಕಚ್ಚನ್ನು ಬೆಳ್ಳಿಯ ಮುಂದೆ ಹಿಡಿದೆ. ಯಾವ ಮರ್ಯಾದೆಯೂ ಇಲ್ಲದೆ ಫರ್ರನೆ ಉಸಿರುಬಿಟ್ಟು ನನ್ನ ಅಂಗಿಯ ಮೇಲೆಲ್ಲ ಚೆಲ್ಲಿತು. ಆಮೇಲೆ ಊಟದ ಪೆಟ್ಟಿಗೆಯಿಂದ ಜೋನಿ ಬೆಲ್ಲದ ಬಾಟಲಿ ತೆಗೆದೆ. ಊರಿನ ಆಲೆಮನೆಯದು, ಮೂರು ಪ್ಲಾಸ್ಟಿಕ್ ಚೀಲ ಸುತ್ತಿ ಸೂಟ್‌ಕೇಸಿನಲ್ಲಿ ಹಾರಿ ಬಂದದ್ದು. ಅವರ ಬ್ರೆಡ್ಡು ನನಗೆ ಇಳಿಯಬೇಕಾದರೆ ಅದು ಬೇಕೇ ಬೇಕಿತ್ತು. ಅವರು ಅನುಮಾನಿಸಿದರು. ಕೆಂದನಿಗೆ ಹಿಂದೊಮ್ಮೆ ಗೊರಸಿನ ಉರಿಯೂತವಾಗಿತ್ತು, ಸಿಹಿ ಅದಕ್ಕೆ ವಿಷ. ಬೆಳ್ಳಿಗೆ ಮಾತ್ರ, ದೊಡ್ಡಿಯ ಹೊರಗೆ, ಒಂದು ಬಕೆಟ್ಟಿಗೆ ಒಂದು ಸೌಟು ಎಂದು ಒಪ್ಪಂದವಾಯಿತು.

ಬೆಳ್ಳಿ ಮೂಸಿತು. ತುಟಿ ಅದ್ದಿತು. ತಲೆ ಎತ್ತಿ ದೂರ ನೋಡಿತು, ನನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ. ಮತ್ತೆ ಬಗ್ಗಿತು.

"ಕಿವಿ ನೋಡಿ" ಎಂದು ಅವರು ಪಿಸುಗುಟ್ಟಿದರು. ಕುದುರೆ ಒಂದೊಂದು ಗುಟುಕು ನುಂಗುವಾಗಲೂ ಕಿವಿಗಳು ಒಮ್ಮೆ ಹಿಂದಕ್ಕೆ ಮುಂದಕ್ಕೆ ಆಡುತ್ತವೆ. ಬರಿದೇ ಬಾಯಿ ಒದ್ದೆ ಮಾಡಿಕೊಳ್ಳುತ್ತಿದೆಯೋ, ನಿಜವಾಗಿ ಕುಡಿಯುತ್ತಿದೆಯೋ ಎಂದು ತಿಳಿಯಲು ಕಿವಿ ನೋಡಿದರೆ ಸಾಕು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಇದು ನನಗೆ ಗೊತ್ತಿರಲಿಲ್ಲ. ಇಪ್ಪತ್ತೆಂಟರವರೆಗೆ ಎಣಿಸಿದೆ, ಆಮೇಲೆ ಬಿಟ್ಟೆ. ಬಕೆಟ್ಟಿನ ತಳ ಕಂಡಿತು.

ಅಲ್ಲಿಗೆ ಮುಗಿಯಿತೆಂದುಕೊಂಡರೆ ಇಲ್ಲ. ಬೆಳ್ಳಿಗೆ ರುಚಿ ಹತ್ತಿತು. ಬೆಲ್ಲವಿಲ್ಲದ ಬಕೆಟ್ಟನ್ನು ಗೊರಸಿನಿಂದ ಮಗುಚಿ ಹಾಕತೊಡಗಿತು. ನನ್ನ ಬ್ರೆಡ್ಡಿಗೆ ಬೆಲ್ಲ ನಿಂತುಹೋಯಿತು.

ನಾಲ್ಕನೆಯ ದಿನ ಡೇರೆ ಕಿತ್ತು ಉತ್ತರಕ್ಕೆ, ರೆಡ್ ಕ್ಯಾನ್ಯನ್ ಎಂಬಲ್ಲಿಗೆ ಹೋದೆವು. ಡಿಕ್ಸಿ ರಾಷ್ಟ್ರೀಯ ಅರಣ್ಯದೊಳಗೆ, ಕುದುರೆ ಸವಾರರಿಗೆಂದೇ ಇರುವ ತಂಗುದಾಣ. ಏಳು ಸಾವಿರ ಅಡಿಗೂ ಎತ್ತರ, ದೊಡ್ಡ ದೊಡ್ಡ ಪಾಂಡರೋಸ ಪೈನ್ ಮರಗಳು, ರಾತ್ರಿ ಹಲ್ಲು ಕಟಕಟಿಸುವ ಚಳಿ. ಮರಗಳಿವೆಯೆಂದು ಕುದುರೆಯನ್ನು ಮರಕ್ಕೆ ಕಟ್ಟುವಂತಿಲ್ಲ. ಕಾಲಿನಿಂದ ಕೆರೆದು ಬೇರು ಕೀಳುತ್ತದೆ, ತೊಗಟೆ ಕಡಿಯುತ್ತದೆ. ಎರಡು ಮರಗಳಿಗೆ ಅಗಲ ಪಟ್ಟಿ ಸುತ್ತಿ, ತಲೆಗಿಂತ ಎತ್ತರದಲ್ಲಿ ಬಿಗಿಯಾಗಿ ಹಗ್ಗ ಎಳೆದು, ನಡುವೆ ಕಟ್ಟಬೇಕು. ಆ ಗಂಟುಗಳನ್ನು ಹಾಕಿದವನು ನಾನೇ. ಅಡಿಕೆ ಕೊನೆ ಇಳಿಸುವವರ ಜೊತೆ ಬೆಳೆದವನಿಗೆ ಹಗ್ಗ ಹೇಳಿಕೊಡಬೇಕಾಗಿಲ್ಲ.

ಅಲ್ಲಿನ ಬಂಡೆಗಳ ಕೆಂಪು ಫೋಟೋದಲ್ಲಿ ಬರುವುದಿಲ್ಲ. ಸುಣ್ಣಕಲ್ಲಿನಲ್ಲಿ ಸೇರಿದ ಕಬ್ಬಿಣ ತುಕ್ಕು ಹಿಡಿದು ಆದ ಬಣ್ಣ. ನಮ್ಮ ಜಂಬಿಟ್ಟಿಗೆಯ ಕೆಂಪೂ ಕಬ್ಬಿಣದ್ದೇ, ಆದರೆ ಅದಕ್ಕೆ ಮಳೆ ಬೇಕು, ಹಸಿರು ಪಾಚಿ ಬೇಕು. ಇದು ಒಣಗಿದ ಕೆಂಪು. ಸಂಜೆಯ ಬಿಸಿಲಿನಲ್ಲಿ ಕೆಂದ ಬಂಡೆಯ ಎದುರು ನಿಂತರೆ ಕುದುರೆ ಎಲ್ಲಿ ಮುಗಿಯಿತು, ಕಲ್ಲು ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ. ಮೈ ಉಜ್ಜುವಾಗ ನನ್ನ ಬೆರಳು ತಾನಾಗಿಯೇ ಕಿವಿಯ ಬುಡದಲ್ಲಿ ಉಣುಗು ಹುಡುಕುತ್ತಿತ್ತು. ಮಂಗನ ಕಾಯಿಲೆಯ ನಾಡಿನ ಚಾಳಿ.

ಬೆಲ್ಲ ಅಂದು ರಾತ್ರಿ ಮುಗಿಯಿತು. ಬಾಟಲಿಗೆ ನೀರು ಹಾಕಿ ಕುಲುಕಿ ಅದನ್ನೂ ಕೊಟ್ಟೆ. ಬೆಳಿಗ್ಗೆ ಅವರು ಬೆಳ್ಳಿಯ ಮುಂದೆ ಬರೀ ನೀರಿನ ಬಕೆಟ್ಟು ಇಟ್ಟು, "ನೋಡಬೇಡಿ, ನೋಡಿದರೆ ಹಟ ಮಾಡುತ್ತಾಳೆ" ಎಂದರು. ನಾವು ಬೆನ್ನು ತಿರುಗಿಸಿ ಕಾಫಿ ಕುಡಿದೆವು. ನಾನು ಸ್ಟೀಲಿನ ಕೆಟಲಿನಲ್ಲಿ ಬೆಳ್ಳಿಯ ಪ್ರತಿಬಿಂಬ ನೋಡುತ್ತಿದ್ದೆ. ಕಿವಿಗಳು ಆಡುತ್ತಿದ್ದವು.

ಊರಿಗೆ ಬಂದು ಬಹಳ ದಿನಗಳಾದವು. ಈಗಲೂ ಸಂಜೆ ಬಾನಿಗೆ ಅಕ್ಕಚ್ಚು ಹುಯ್ದು ನಮ್ಮ ಹಸು ಗೌರಿ ಕುಡಿಯುವಾಗ ಅವಳ ಕಿವಿಗಳನ್ನೇ ನೋಡುತ್ತಾ ನಿಲ್ಲುತ್ತೇನೆ. "ಅದೇನು ನೋಡುತ್ತೀರಿ ದಿನಾ?" ಎನ್ನುತ್ತಾಳೆ ಹೆಂಡತಿ. ಗೌರಿಯ ಕಿವಿ ಅಲ್ಲಾಡುವುದೇ ಇಲ್ಲ, ನೊಣ ಕೂತರೆ ಮಾತ್ರ.