ಹೋದದ್ದು, ಬಂದದ್ದು

ಬೆಳಿಗ್ಗೆ ಎಂಟೂವರೆಗೆ ನಾವು ಬೇಲಿ ಹತ್ತಿರ ಹೋದಾಗ ಅಲ್ಲಿ ಆಗಲೇ ಏಳೆಂಟು ಏಣಿಗಳು ನಿಂತಿದ್ದವು. ಬಲ್ಬ್ ಬದಲಾಯಿಸಲು ಇಟ್ಟುಕೊಂಡಿರುತ್ತೇವಲ್ಲ, ಅಂಥ ಮಡಚುವ ಏಣಿಗಳು. ಒಂದೊಂದರ ಮೇಲೂ ಒಬ್ಬೊಬ್ಬರು. ಎಲ್ಲರ ಕುತ್ತಿಗೆಯಲ್ಲೂ ಉದ್ದದ ಲೆನ್ಸ್. ಬೇಲಿಯ ಆಚೆ ರನ್‌ವೇ.

ಇಂಗ್ಲೆಂಡಿನ ಸಫೋಕ್ ಕೌಂಟಿಯಲ್ಲಿರುವ ಲೇಕನ್‌ಹೀತ್ ವಾಯುನೆಲೆ ಅದು. ಹೆಸರಿನ ಮುಂದೆ ಆರ್‌ಎಎಫ್, ಅಂದರೆ ಬ್ರಿಟನ್ನಿನ ವಾಯುಪಡೆ ಅಂತ ಇದೆ. ಆದರೆ ಒಳಗಿರುವುದು ಅಮೆರಿಕದ ವಾಯುಪಡೆಯ 48ನೇ ಫೈಟರ್ ವಿಂಗ್, ಅಂದರೆ ಯುದ್ಧವಿಮಾನಗಳ ಒಂದು ದಳ. ಎರಡು ಎಂಜಿನ್‌ನ ಎಫ್-15ಇ ಯುದ್ಧವಿಮಾನ ಇಲ್ಲಿಗೆ ಬಂದದ್ದು 1992ರಲ್ಲಿ. 2021ರ ಡಿಸೆಂಬರಿನಿಂದ ಎಫ್-35ಎ ಕೂಡ ಇದೆ. ಯುದ್ಧವಿಮಾನದ ಫೋಟೋ ಹುಚ್ಚು ಹಿಡಿದವರಿಗೆ ಯುರೋಪಿನಲ್ಲಿ ಇದಕ್ಕಿಂತ ಒಳ್ಳೆಯ ಬೇಲಿ ಸಿಗುವುದು ಕಷ್ಟ ಅಂತ ಅಣ್ಣ ಹೇಳುತ್ತಾನೆ. ಅವನು ವರ್ಷಗಳಿಂದ ಬರುತ್ತಿದ್ದಾನೆ. ನನಗೆ ಅದು ಮೊದಲ ಸಲ.

ಕಾರಿನಲ್ಲಿ ಬರುವಾಗಲೇ ಅಣ್ಣ ಪಾಠ ಮಾಡಿದ್ದ. "ಬೇಲಿ ಮುಟ್ಟಬೇಡ. ಗೇಟಿಗೆ ಅಡ್ಡ ನಿಲ್ಲಬೇಡ. ಕಾವಲಿನವರ ಫೋಟೋ ತೆಗೀಬೇಡ. ಪೊಲೀಸರು ಬಂದು ಕೇಳಿದರೆ ಏನು ಮಾಡ್ತಿದೀವಿ ಅಂತ ನೇರವಾಗಿ ಹೇಳು." ಇದನ್ನೆಲ್ಲ ಅವನು ಸುಮ್ನೆ ಹೇಳುವುದಿಲ್ಲ. 2001ರ ನವೆಂಬರಿನಲ್ಲಿ ಗ್ರೀಸ್‌ನ ಕಲಮಾಟ ವಾಯುನೆಲೆಯಲ್ಲಿ ಜನರಿಗೆ ಒಳಗೆ ಬಿಡುವ ದಿನವೇ 14 ವಿಮಾನಪ್ರಿಯರನ್ನು ಬಂಧಿಸಿದ್ದರು. 12 ಜನ ಬ್ರಿಟನ್ನಿನವರು, ಇಬ್ಬರು ಡಚ್ಚರು. ಅವರು ವಿಮಾನಗಳ ನಂಬರ್ ಬರೆದುಕೊಂಡಿದ್ದೇ ಗೂಢಚರ್ಯೆ ಅನ್ನಿಸಿಕೊಂಡಿತು. ಮರುವರ್ಷ ಶಿಕ್ಷೆಯೂ ಆಯಿತು. ಅದೇ ವರ್ಷ ಕೊನೆಯಲ್ಲಿ ಮೇಲ್ಮನವಿಯಲ್ಲಿ ಎಲ್ಲರೂ ಬಿಡುಗಡೆಯಾದರು. ಸುಮ್ಮನೆ ನಂಬರ್ ಬರೆದುಕೊಳ್ಳುವುದರಲ್ಲಿ ಯಾರಿಗೆ ಏನು ಸುಖ ಅಂತ ನನಗೆ ಆಗ ಅನ್ನಿಸಿತ್ತು. ಫೋಟೋ ಅಂದರೆ ಸರಿ, ನೋಡಲು ಚೆನ್ನಾಗಿರುತ್ತದೆ. ನಂಬರ್?

ಅಣ್ಣ ಇಳಿದ ಕೂಡಲೇ ನೋಡಿದ್ದು ಗಾಳಿಯನ್ನು. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಗಾಳಿ ತಿರುಗಿದರೆ ರನ್‌ವೇಯ ತುದಿಯೇ ಅದಲು ಬದಲು. ಸುಮಾರು 2.7 ಕಿಲೋಮೀಟರ್ ಉದ್ದದ ರನ್‌ವೇ ಅದು. ತಪ್ಪು ತುದಿಯಲ್ಲಿ ನಿಂತರೆ ದಿನವಿಡೀ ಕಾಣುವುದು ಚುಕ್ಕಿಗಳು ಮಾತ್ರ. ಅದೂ ಬಿಸಿಲೇರಿದ ಮೇಲೆ ನೆಲದ ಕಾವಿಗೆ ಅಲೆಅಲೆಯಾಗಿ ಕರಗಿದ ಚುಕ್ಕಿಗಳು. ಎಷ್ಟು ದುಬಾರಿ ಲೆನ್ಸ್ ಇದ್ದರೂ ಆ ಕಾವಿನ ಮುಂದೆ ಏನೂ ನಡೆಯುವುದಿಲ್ಲ. ಅವತ್ತು ಗಾಳಿ ನೈಋತ್ಯದಿಂದ ಬೀಸುತ್ತಿತ್ತು. "ಸರಿಯಾದ ಕಡೆ ಬಂದಿದೀವಿ ಕಣೋ" ಅಂದ.

ಏಣಿಗಳ ಪಕ್ಕ ಒಂದು ಮಡಚುವ ಕುರ್ಚಿ. ಅದರಲ್ಲಿ ಒಬ್ಬ ತಾತ. ಎಪ್ಪತ್ತು ದಾಟಿದ್ದವರು. ಅವರ ಹತ್ತಿರ ಕ್ಯಾಮೆರಾ ಇರಲಿಲ್ಲ. ಒಂದು ಹಳೆಯ ಬೈನಾಕ್ಯುಲರ್, ಒಂದು ನೋಟ್‌ಬುಕ್, ದಾರ ಕಟ್ಟಿದ ಪೆನ್ಸಿಲ್. ಅಣ್ಣನಿಗೆ ಪರಿಚಯ. ನಗುತ್ತಾ ಕೈ ಎತ್ತಿದರು.

ಒಂದು ಗಂಟೆ ಏನೂ ಆಗಲಿಲ್ಲ. ಆಮೇಲೆ ಪಕ್ಕದ ಮಿಲ್ಡನ್‌ಹಾಲ್ ನೆಲೆಯ ಕಡೆಯಿಂದ ನಾಲ್ಕು ಪ್ರೊಪೆಲ್ಲರ್‌ನ ಎಂಸಿ-130ಜೆ ಒಂದು ಬಂತು. ಪ್ರೊಪೆಲ್ಲರ್ ವಿಮಾನಕ್ಕೆ ಶಟರ್ ನಿಧಾನ ಇರಬೇಕು. ಇಲ್ಲದಿದ್ದರೆ ಫ್ಯಾನ್ ನಿಂತುಹೋದಂತೆ, ವಿಮಾನವನ್ನು ಆಕಾಶಕ್ಕೆ ಮೊಳೆ ಹೊಡೆದಂತೆ ಕಾಣುತ್ತದೆ. 1/160 ಸೆಕೆಂಡಿಗೆ ಇಳಿಸಿ, ಉಸಿರು ಹಿಡಿದು, ವಿಮಾನದ ಜೊತೆ ಸೊಂಟ ತಿರುಗಿಸುತ್ತಾ ತೆಗೆದೆ. ಚೆನ್ನಾಗಿ ಬಂತು. ಪ್ರೊಪೆಲ್ಲರ್‌ಗಳು ಮಸುಕಾದ ವೃತ್ತಗಳಾಗಿ ತಿರುಗುತ್ತಿದ್ದವು. ಅಣ್ಣನಿಗೆ ತೋರಿಸುತ್ತಾ ನಿಂತುಬಿಟ್ಟೆ.

ಅಷ್ಟರಲ್ಲಿ ಏಣಿ ಅದುರಿತು. ಕಿವಿಗೆ ಕೇಳುವ ಮೊದಲೇ ಅಂಗಾಲಿಗೆ ಗೊತ್ತಾಯಿತು. ರನ್‌ವೇಯಲ್ಲಿ ಎರಡು ಎಫ್-15ಇ. ಎಂಜಿನ್ನಿನ ಹಿಂಭಾಗದಲ್ಲಿ ಇನ್ನಷ್ಟು ಇಂಧನ ಉರಿಸುವ ಆಫ್ಟರ್‌ಬರ್ನರ್ ಹೊತ್ತಿಕೊಂಡಾಗ ಒಂದೊಂದು ಎಂಜಿನ್ 29,000 ಪೌಂಡ್ ಬಲದಲ್ಲಿ ತಳ್ಳುತ್ತದೆ. ಒಂದು ವಿಮಾನಕ್ಕೆ ಎರಡು. ಆ ಸದ್ದಿಗೆ ಶಬ್ದ ಅನ್ನುವ ಪದ ಸಾಲದು. ಎದೆಗೂಡಿನೊಳಗೆ ಯಾರೋ ಹಾಳೆ ಹರಿದ ಹಾಗೆ. ನಾನು ಬಟನ್ ಒತ್ತಿದ ಕೈ ಬಿಡಲೇ ಇಲ್ಲ. ಹಿಂದೆಯೇ ಇನ್ನೆರಡು. ಮತ್ತೆ ಎರಡು. ಒಟ್ಟು ಆರು. ಐದೇ ನಿಮಿಷದಲ್ಲಿ ಎಲ್ಲ ಮುಗಿದು, ಸುಟ್ಟ ಇಂಧನದ ವಾಸನೆ ಮಾತ್ರ ಉಳಿಯಿತು.

ಸ್ಕ್ರೀನ್ ನೋಡಿದೆ. ಎಲ್ಲ ಫೋಟೋ ಕಲಸಿಹೋಗಿತ್ತು. ಶಟರ್ ಇನ್ನೂ 1/160ರಲ್ಲೇ ಇತ್ತು. ಜೆಟ್‌ಗೆ 1/1000ಕ್ಕಿಂತ ಮೇಲೇ ಇರಬೇಕು. ಗಂಟಲು ಕಟ್ಟಿತು, ನಿಜವಾಗಿ. ಅಣ್ಣ ಬೈಯಲಿಲ್ಲ. "ಹೋದವು ಬರಲೇಬೇಕಲ್ವಾ, ಆಗ ತೆಗಿ" ಅಂದ.

ಆಗ ತಾತ ಕುರ್ಚಿಯಿಂದ ಎದ್ದು ನನ್ನ ಹತ್ತಿರ ಬಂದರು. "ಕೊನೆಯ ಜೋಡಿಯಲ್ಲಿ ಎರಡನೆಯದರ ನಂಬರ್ ನಿಮ್ಮ ಫೋಟೋದಲ್ಲಿ ಸಿಕ್ಕಿದೆಯಾ? ಗಾಳಿಗೆ ಕಣ್ಣಲ್ಲಿ ನೀರು ಬಂತು, ಓದಕ್ಕಾಗಲಿಲ್ಲ" ಅಂತ ಕೇಳಿದರು. ಫೋಟೋ ದೊಡ್ಡದು ಮಾಡಿ ನೋಡಿದೆವು. ಬಾಲದ ಮೇಲೆ ದೊಡ್ಡದಾಗಿ ಎಲ್‌ಎನ್, ಅಂದರೆ ಲೇಕನ್‌ಹೀತ್. ಅಷ್ಟು ಗೊತ್ತಾಗುತ್ತಿತ್ತು. ಅದರ ಕೆಳಗೆ ಬೂದು ಗೀಟು, ಅಷ್ಟೇ. ಅಕ್ಕಪಕ್ಕದ ಏಣಿಯವರು ಮೊದಲ ಎರಡು ಜೋಡಿ ತೆಗೆದು, ಮೂರನೆಯದಕ್ಕೆ ಕ್ಯಾಮೆರಾ ಇಳಿಸಿದ್ದರು. "ಪರವಾಗಿಲ್ಲ" ಅಂತ ಹೇಳಿ ತಾತ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆದರು.

ಆ ಪುಟ ನನ್ನ ಕಣ್ಣಿಗೆ ಬಿತ್ತು. ಎರಡು ಸಾಲು. ಎಡಗಡೆ ಹೋದದ್ದು, ಬಲಗಡೆ ಬಂದದ್ದು. ಎಡಗಡೆ ಐದು ನಂಬರ್, ಒಂದು ಗೆರೆ. ಬಲಗಡೆ ಖಾಲಿ.

ನನಗೆ ಓದಲು ಕಲಿಸಿದವರು ಅವರೇ. ಬಾಲದ ಮೇಲೆ ಎಎಫ್ ಅಂತ ಬರೆದು 91 ಅಂತ ಇದ್ದರೆ, ಅದು 1991ರ ಹಣಕಾಸು ವರ್ಷದಲ್ಲಿ ಕೊಂಡ ವಿಮಾನ. ಪಕ್ಕದ ಮೂರಂಕಿ ಅದರದೇ ಗುರುತು. ಅಂದರೆ ವಿಮಾನದ ವಯಸ್ಸು ಅದರ ಬಾಲದ ಮೇಲೇ ಇದೆ. ಅದನ್ನು ಹಾರಿಸುವ ಎಷ್ಟೋ ಹುಡುಗರಿಗಿಂತ ವಿಮಾನವೇ ಹಿರಿಯದು. ಬಾಲದ ತುದಿಯ ಪಟ್ಟಿ ಕೆಂಪಾದರೆ 494ನೇ ಸ್ಕ್ವಾಡ್ರನ್, ನೀಲಿಯಾದರೆ 492. ಅವತ್ತು ಹೋದದ್ದೆಲ್ಲ ಕೆಂಪು.

ತಾತ ಹುಡುಗನಾಗಿದ್ದಾಗಿನಿಂದ ಇದೇ ನೆಲೆಯ ವಿಮಾನಗಳನ್ನು ನೋಡಿದವರು. 1960ರಲ್ಲಿ ಈ ವಿಂಗ್ ಫ್ರಾನ್ಸ್‌ನಿಂದ ಇಲ್ಲಿಗೆ ಬಂದಾಗ ಎಫ್-100. 1972ರಲ್ಲಿ ಎಫ್-4. 1977ರಲ್ಲಿ ಎಫ್-111, ಹಾರುತ್ತಾ ರೆಕ್ಕೆಯನ್ನು ಹಿಂದಕ್ಕೆ ಮಡಚುವಂಥದ್ದು. ಎರಡು ಸಾಲು ಯಾಕೆ ಅಂತ ಕೇಳಿದೆ. ಸ್ವಲ್ಪ ಹೊತ್ತು ರನ್‌ವೇ ನೋಡಿದರು.

1986ರ ಏಪ್ರಿಲ್ 14ರ ಸಂಜೆ ಎಫ್-111ಗಳು ಇಲ್ಲಿಂದಲೇ ಲಿಬಿಯಾದ ಮೇಲೆ ಬಾಂಬ್ ಹಾಕಲು ಹೊರಟವು. ಫ್ರಾನ್ಸ್ ತನ್ನ ಆಕಾಶ ಬಿಟ್ಟುಕೊಡಲಿಲ್ಲ. ಹಾಗಾಗಿ ಸ್ಪೇನ್ ಸುತ್ತಿಕೊಂಡು, ದಾರಿಯಲ್ಲಿ ಮತ್ತೆ ಮತ್ತೆ ಇಂಧನ ತುಂಬಿಸಿಕೊಂಡು ರಾತ್ರಿಯಿಡೀ ಹಾರಿದವು. ಮರುದಿನ ಬೆಳಿಗ್ಗೆ ವಾಪಸ್ ಬಂದವು. 70-2389 ಬರಲಿಲ್ಲ. ಒಳಗಿದ್ದ ಇಬ್ಬರೂ ಸತ್ತರು. "ಅವತ್ತಿನವರೆಗೆ ನಾನು ಹೋದದ್ದು ಮಾತ್ರ ಬರೀತಿದ್ದೆ" ಅಂದರು ತಾತ. ಆ ದಾಳಿ ಸರಿಯೋ ತಪ್ಪೋ ಅನ್ನುವ ಮಾತು ಅವರು ಎತ್ತಲಿಲ್ಲ. ನನಗೂ ಎತ್ತಬೇಕು ಅನ್ನಿಸಲಿಲ್ಲ.

ಹನ್ನೊಂದೂವರೆ ಹೊತ್ತಿಗೆ ಎಲ್ಲರೂ ಮತ್ತೆ ಏಣಿ ಹತ್ತಿದರು. ನಾನು ಶಟರ್ ನೋಡಿದೆ. 1/1600. ಮತ್ತೆ ನೋಡಿದೆ.

ಇಳಿಯುವ ಮೊದಲು ಇವು ಸಾಲಾಗಿ ರನ್‌ವೇ ಮೇಲೆ ವೇಗವಾಗಿ ಬರುತ್ತವೆ. ತಲೆಯ ಮೇಲೆ ಬಂದಾಗ ಒಂದೊಂದಾಗಿ ಥಟ್ಟನೆ ಒಂದು ಪಕ್ಕಕ್ಕೆ ವಾಲಿ ತಿರುಗುತ್ತವೆ. ಇದಕ್ಕೆ ಬ್ರೇಕ್ ಅನ್ನುತ್ತಾರೆ. ಗಾಳಿಯಲ್ಲಿ ತೇವ ಇದ್ದರೆ ಆ ತಿರುವಿನಲ್ಲಿ ರೆಕ್ಕೆಯ ಮೇಲೆ ಬಿಳಿ ಆವಿ ಒಂದು ಕ್ಷಣ ಹರಡಿ ಮಾಯವಾಗುತ್ತದೆ. ಅವತ್ತು ತೇವ ಇತ್ತು. ನಾಲ್ಕು ವಿಮಾನ, ನಾಲ್ಕರ ಬೆನ್ನ ಮೇಲೂ ಆವಿ. ನನ್ನ ಕೈಗೆ ಅಂಥ ಫೋಟೋ ಅದಕ್ಕೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ. ನೆಲಕ್ಕೆ ತಾಗಿದ ಮೇಲೂ ಅವು ಮೂತಿ ಎತ್ತಿಕೊಂಡೇ ಓಡಿದವು. ಅಗಲವಾದ ಮೈಗೆ ಗಾಳಿ ಬಡಿದು ಅದೇ ವೇಗ ತಗ್ಗಿಸುತ್ತದೆ. ಹಿಂದೆಯೇ ಐದನೆಯದು ಬಂತು.

ಆರನೆಯದು ಬರಲಿಲ್ಲ.

ಐದು ನಿಮಿಷ. ಹತ್ತು ನಿಮಿಷ. ಅಕ್ಕಪಕ್ಕದವರು ಸ್ಕ್ರೀನ್ ನೋಡಿಕೊಂಡು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದರು. ಒಬ್ಬರು ಏಣಿ ಮಡಚಿದರು. ಸಣ್ಣ ದೋಷಕ್ಕೆ ಬೇರೆ ನೆಲೆಯಲ್ಲಿ ಇಳಿದಿರಬಹುದು, ಅದು ಇದ್ದದ್ದೇ ಅಂತ ಅಣ್ಣ ಮೆಲ್ಲಗೆ ಹೇಳಿದ. ತಾತ ಕೂರಲಿಲ್ಲ. ಬೈನಾಕ್ಯುಲರ್ ಇಳಿಸಲಿಲ್ಲ. ನಾನೂ ಅವರ ಪಕ್ಕ ನಿಂತೆ. ಆವಿಯ ಫೋಟೋ ತೆರೆದು ನೋಡುವ ಮನಸ್ಸೇ ಬರಲಿಲ್ಲ.

ಇಪ್ಪತ್ತು ನಿಮಿಷದ ಮೇಲೆ ದೂರದಲ್ಲಿ ಒಂದು ದೀಪ. ತಲೆಯ ಮೇಲೆ ಬಂದು ತಿರುಗುವ ಆಟ ಇಲ್ಲ, ಆವಿ ಇಲ್ಲ. ನೇರವಾಗಿ, ಚಕ್ರ ಇಳಿಸಿಕೊಂಡು, ನಿಧಾನವಾಗಿ ಬಂತು. ಫೋಟೋ ಅಂತ ನೋಡಿದರೆ ತೀರಾ ಸಾಧಾರಣ. ನಾನು ಬಾಲಕ್ಕೆ ಫೋಕಸ್ ಇಟ್ಟು ತೆಗೆದೆ.

ದೊಡ್ಡದು ಮಾಡಿ ತಾತನ ಕಡೆ ತಿರುಗಿಸಿದೆ. ಅವರು ಕನ್ನಡಕ ಹುಡುಕಿಕೊಳ್ಳುತ್ತಿದ್ದರು. ನಾನೇ ಓದಿದೆ. ಮೊದಲು 91, ಆಮೇಲೆ ಮೂರಂಕಿ, ಒಂದೊಂದಾಗಿ. ಅವರು ಎಡಗಡೆಯ ಗೆರೆಯನ್ನು ಅಳಿಸಿ ಅಲ್ಲಿ ಬರೆದರು. "ಇನ್ನೊಂದು ಸಲ ಹೇಳಿ" ಅಂದರು. ಇನ್ನೊಂದು ಸಲ ಓದಿದೆ. ಬಲಗಡೆಯೂ ಬರೆದರು.