ಬಂದರಿಗೆ ರಜೆ, ನಮಗೆ ಮೂರು ಹಾಡು

ಜೂನ್ 3, 2024

ಕಾರವಾರದ ಬೈತಖೋಲ ಬಂದರಿನಲ್ಲಿ ಟ್ರಾಲ್ ಬೋಟುಗಳು ಸಾಲಾಗಿ ನಿಂತು ಮೂರು ದಿನ ಆಯ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್, ಒಟ್ಟು 61 ದಿನ. ನಮ್ಮ ಬ್ಯಾಂಡಿನ ಹೊಸ ಹಾಡುಗಾರನಿಗೆ ವರ್ಷಕ್ಕೊಮ್ಮೆ ಸಿಗುವ ಬಿಡುವು ಇದೊಂದೇ. ಅವನು ಬಂದರಿನಲ್ಲಿ ಮೀನು ಹರಾಜು ಕೂಗುವವ. ಈ 61 ದಿನದಲ್ಲಿ ಮೂರು ಹಾಡು ರೆಕಾರ್ಡ್ ಮಾಡಿ ಮುಗಿಸಬೇಕು ಅಂತ ಲೆಕ್ಕ. ಹೇಗೆ ಸಾಗುತ್ತೋ ಇಲ್ಲಿ ಬರೆದಿಡ್ತೇನೆ.

ಗೊತ್ತಿಲ್ಲದವರಿಗೆ: ಕಾಲೇಜಿನ ದಿನಗಳಲ್ಲಿ ನಾವು ನಾಲ್ವರು ಕಾರವಾರದಲ್ಲೇ ಒಂದು ಹೆವಿ ಮೆಟಲ್ ಬ್ಯಾಂಡ್ ಕಟ್ಟಿದ್ದೆವು. ಕ್ಯಾಸೆಟ್ ಬೇಕೆಂದರೆ ಬಸ್ಸು ಹತ್ತಿ ಮಡಗಾಂವ್‌ಗೆ ಹೋಗಬೇಕಿತ್ತು. ಹಾಡುಗಾರ ದುಬೈಗೆ ಹೋದ, ಗಿಟಾರ್ ಅಟ್ಟಕ್ಕೆ ಹೋಯ್ತು. ಈಗ ಎಲ್ಲರಿಗೂ ಐವತ್ತರ ಹತ್ತಿರ.

ಬ್ಯಾಂಡನ್ನು ಮತ್ತೆ ಎಬ್ಬಿಸಲು ಆರಿಸಿಕೊಂಡ ಆಲ್ಬಂ ಅಕ್ಸೆಪ್ಟ್ ಬ್ಯಾಂಡಿನ 'ಬ್ಲಡ್ ಆಫ್ ದ ನೇಷನ್ಸ್', 2010ರದ್ದು. ಜರ್ಮನಿಯ ಸೋಲಿಂಗೆನ್ ಊರಿನ ಈ ಬ್ಯಾಂಡ್ 1996ರ ನಂತರ ಹದಿನಾಲ್ಕು ವರ್ಷ ಹೊಸ ಆಲ್ಬಂ ತಂದಿರಲಿಲ್ಲ. ಗಿಟಾರಿನ ವೋಲ್ಫ್ ಹಾಫ್‌ಮನ್ ಅಷ್ಟರಲ್ಲಿ ಅಮೆರಿಕದಲ್ಲಿ ಫೋಟೋಗ್ರಾಫರ್ ಆಗಿ ದುಡಿಯುತ್ತಿದ್ದ. ಮೊದಲಿನಿಂದ ಹಾಡಿದ್ದ ಊಡೋ ಡರ್ಕ್‌ಶ್ನೈಡರ್ ಬರಲಿಲ್ಲ. ಬಂದವನು ನ್ಯೂಜೆರ್ಸಿಯ ಮಾರ್ಕ್ ಟೊರ್ನಿಲ್ಲೋ. ಹಳೆಯ ಹಾಡುಗಾರ ಇಲ್ಲದೆ ನಾವೂ ಏಳಬೇಕಾದ್ದರಿಂದ ಇದೇ ಸರಿ ಅನ್ನಿಸಿತು. ನಮ್ಮ ಮೂರು ಹಾಡು: 'ಟ್ಯೂಟಾನಿಕ್ ಟೆರರ್', 'ಪ್ಯಾಂಡೆಮಿಕ್' ಮತ್ತು ನಿಧಾನದ 'ಕಿಲ್ ದ ಪೇನ್'. ಎರಡನೆಯದರ ಹೆಸರು ಕೇಳಿ ನನ್ನ ಹೆಂಡತಿ, "ಬೇರೆ ಯಾವುದೂ ಸಿಗಲಿಲ್ವಾ?" ಅಂದಳು. ಆ ಹೆಸರಿಟ್ಟದ್ದು ಕೊರೊನಾಕ್ಕಿಂತ ಹತ್ತು ವರ್ಷ ಮೊದಲು ಅಂದರೂ ನಂಬಲಿಲ್ಲ.

ಜೂನ್ 11

ಕೋಡಿಬಾಗದ ನಮ್ಮ ಹಳೆ ಮನೆಯ ಹಿಂದಿನ ಕೋಣೆಯೇ ಸ್ಟುಡಿಯೋ. ಆಂಪ್ಲಿಫೈಯರ್ ಹಾಕಿದ ಕೂಡಲೇ ಗುಂಯ್ ಅಂತ ಸದ್ದು, ಜೇನುಗೂಡು ಒಡೆದ ಹಾಗೆ. ಗಿಟಾರಿನ ಪಿಕಪ್ (ತಂತಿಯ ಸದ್ದು ಹಿಡಿಯುವ ಭಾಗ) ದೂರಿದೆ, ಕೇಬಲ್ ಬದಲಿಸಿದೆ, ಟ್ಯೂಬ್‌ಲೈಟ್ ಆರಿಸಿದೆ. ಗಿಟಾರಿನ ತಂತಿ ಮುಟ್ಟಿದರೆ ಸದ್ದು ಏರಿಳಿಯುತ್ತಿತ್ತು, ಅರ್ತಿಂಗ್ ಕೆಟ್ಟಿದೆ ಅಂತ ಆಗಲೇ ಹೊಳೆಯಬೇಕಿತ್ತು. ವೈರಿಂಗ್‌ನವ ಬಂದು ಮನೆ ಹಿಂದಿನ ಅರ್ತಿಂಗ್ ಅಗೆದು ನೋಡಿದರೆ ತಂತಿ ಪೈಪಿನ ಹತ್ತಿರ ತುಕ್ಕು ತಿಂದು ತುಂಡಾಗಿದೆ. ಸಮುದ್ರದ ಗಾಳಿ ಕಬ್ಬಿಣವನ್ನು ಬಿಡೋದಿಲ್ಲವಲ್ಲ. ಇದ್ದಿಲು, ಉಪ್ಪು ಹಾಕಿ ಹೊಸ ತಂತಿ ಎಳೆದ. ಈಗ ಕೋಣೆಯಲ್ಲಿ ಮಳೆಯ ಸದ್ದು ಮಾತ್ರ.

ಜೂನ್ 19

ಗಿಟಾರಿನ ಕತ್ತು ತೇವಕ್ಕೆ ಬಾಗಿತ್ತು. ಟ್ರಸ್ ರಾಡ್ (ಕತ್ತಿನೊಳಗಿನ ಲೋಹದ ಸರಳು) ಕಾಲು ಸುತ್ತು ತಿರುಗಿಸಿ ಒಂದು ರಾತ್ರಿ ಬಿಟ್ಟೆ, ಸರಿಹೋಯ್ತು. ಹೊಸ ತಂತಿ ಹತ್ತು ದಿನಕ್ಕೆ ಕಪ್ಪಾಗುತ್ತಿದೆ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಗಿಟಾರನ್ನು ಅಕ್ಕಿ ಡಬ್ಬದ ಪಕ್ಕದ ಬೆಚ್ಚಗಿನ ಮೂಲೆಯಲ್ಲಿ ಇಡ್ತೇನೆ.

ಜೂನ್ 30

ಇವತ್ತು ದೊಡ್ಡ ಜಗಳ. ತಪ್ಪು ನನ್ನದೇ.

ಹಾಡುಗಾರನಿಗೆ ಇಂಗ್ಲಿಷ್ ಓದಲು ಬರೋದಿಲ್ಲ. ಸಾಲುಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಅದರಲ್ಲೇನೂ ತೊಂದರೆ ಇಲ್ಲ. ತೊಂದರೆ ಬಂದದ್ದು ನಾನು ಅವನಿಗೆ ಟೊರ್ನಿಲ್ಲೋನ ಹಾಗೇ ಹಾಡು ಅಂತ ಹಠ ಹಿಡಿದದ್ದರಿಂದ. ಎಲ್ಲಿ ಗರಗರ, ಎಲ್ಲಿ ಎಳೆತ, ಎಲ್ಲಿ ಉಸಿರು, ಎಲ್ಲ ಅದೇ ತರಹ. ಎರಡನೇ ಹಾಡಿಗೇ ಗಂಟಲು ಕಟ್ಟಿತು. ಬೆಳಗಿನ ಐದಕ್ಕೆ ಶುರುಮಾಡಿ ಎರಡು ತಾಸು ಬಿಡದೆ ಕೂಗುವವನಿಗೆ ಐದು ನಿಮಿಷದ ಹಾಡು ಸುಸ್ತು ಮಾಡಿತೆಂದರೆ ಎಲ್ಲೋ ಎಡವಟ್ಟಾಗಿದೆ.

"ನಾ ಕೂಗೂದು ನನ್ನ ದನಿಯಾಗೇ ಮಾರಾಯ. ಅವ್ನ ದನಿ ನಿಂಗೆ ಬೇಕಾದ್ರೆ ಅವ್ನನ್ನೇ ಕರ್ಕೊಂಡ್ ಬಾ," ಅಂದು ಛತ್ರಿ ತಗೊಂಡು ಹೊರಟೇಹೋದ.

ರಾತ್ರಿ ಕೂತು ಅಕ್ಸೆಪ್ಟ್‌ನ ಹಳೇ ಕತೆ ನೆನೆಸಿಕೊಂಡೆ. 2010ಕ್ಕಿಂತ ಮೊದಲೇ ಇವರು ಒಮ್ಮೆ ಹೊಸ ಹಾಡುಗಾರನನ್ನು ತಂದು ಕೈ ಸುಟ್ಟುಕೊಂಡಿದ್ದರು. 1989ರಲ್ಲಿ ಡೇವಿಡ್ ರೀಸ್ ಎಂಬ ಅಮೆರಿಕದವನ ಜೊತೆ 'ಈಟ್ ದ ಹೀಟ್' ಮಾಡಿದರು. ರೀಸ್ ಕೆಟ್ಟ ಹಾಡುಗಾರ ಅಲ್ಲವೇ ಅಲ್ಲ. ಆದರೆ ಆ ಆಲ್ಬಂನಲ್ಲಿ ಬ್ಯಾಂಡೇ ತನ್ನ ದನಿ ಬಿಟ್ಟು ಅಮೆರಿಕದ ರೇಡಿಯೋಗೆ ಹೊಂದುವ ನುಣುಪಿನ ಹಿಂದೆ ಹೋಗಿತ್ತು. ಅಭಿಮಾನಿಗಳು ಒಪ್ಪಲಿಲ್ಲ, ಬ್ಯಾಂಡ್ ಚದುರಿತು. 2010ರ ಆಲ್ಬಂನಲ್ಲಿ ಹಾಡಿದವನೂ ಅಮೆರಿಕದವನೇ. ಈ ಸಲ ಗಿಟಾರುಗಳು ಎಂಬತ್ತರ ದಶಕದ ಅದೇ ಕಬ್ಬಿಣದ ಕುಟ್ಟಾಣಿ ಹಿಡಿದುಕೊಂಡವು, ಹಿಂದಿನ ದಪ್ಪ ಗಂಡುದನಿಗಳ ಗುಂಪು ಹಾಗೇ ಉಳಿಯಿತು. ತಾನೂ ಗಿಟಾರಿಗನಾದ ನಿರ್ಮಾಪಕ ಆಂಡಿ ಸ್ನೀಪ್ ಅದನ್ನು ಬಿಗಿಯಾಗಿ ಕಟ್ಟಿ ಕೊಟ್ಟ. ಟೊರ್ನಿಲ್ಲೋನ ಗಂಟಲಲ್ಲಿ ಊಡೋನ ಖಾರ ಇದೆ, ನಕಲು ಇಲ್ಲ. ಇದೇ ವರ್ಷ ಏಪ್ರಿಲ್‌ನಲ್ಲಿ ಬಂದ 'ಹ್ಯೂಮನಾಯ್ಡ್' ಅಕ್ಸೆಪ್ಟ್ ಜೊತೆ ಅವನ ಆರನೇ ಆಲ್ಬಂ.

ನಾನು ಮಾಡುತ್ತಿದ್ದದ್ದು ಇದರ ತಿರುವುಮುರುವು. ನನ್ನ ಗಿಟಾರ್ ಇನ್ನೂ ತಾಳ ತಪ್ಪುತ್ತಿದೆ, ಬುದ್ಧಿ ಹೇಳೋದು ಮಾತ್ರ ಹಾಡುಗಾರನಿಗೆ.

ಜುಲೈ 6

ಅವನ ಮನೆಗೆ ಹೋಗಿ ಚಾ ಕುಡಿದು ಕರೆದುಕೊಂಡು ಬಂದೆ. ಎರಡು ಬದಲಾವಣೆ. ಒಂದು, ಅವನ ಗಂಟಲಿಗೆ ಹಗುರಾಗಲಿ ಅಂತ ಎಲ್ಲ ತಂತಿಗಳನ್ನು ಅರ್ಧ ಸ್ವರ ಇಳಿಸಿದೆವು. ತೆಳು 9ರ ತಂತಿ ಸಡಿಲಾಗಿ ಬಡಬಡ ಅಂದಿತು, ತುಸು ದಪ್ಪದ 10ರ ಸೆಟ್ ಹಾಕಿದೆ. ಎರಡು, ಮೂಲ ಹಾಡು ಕೇಳಿಸೋದು ನಿಲ್ಲಿಸಿದೆವು, ಡ್ರಮ್ ಮತ್ತು ಗಿಟಾರ್ ಮಾತ್ರ ಕಿವಿಗೆ ಕೊಟ್ಟೆವು.

ಶುರುಮಾಡುವ ಮೊದಲು ಅವನು ಗಂಟಲು ಬಿಸಿ ಮಾಡಿಕೊಂಡದ್ದು ಹರಾಜಿನಲ್ಲೇ. "ಎಂಟ್ನೂರು, ಎಂಟ್ನೂರು, ಎಂಟ್ನೂರೈವತ್ತು, ಬಾಂಗಡೆ ಬುಟ್ಟಿ ಒಂಬೈನೂರು..." ಸುತ್ತ ಗಿರಾಕಿಗಳು ನಿಂತ ಹಾಗೆ ಕಣ್ಣು ಆಚೀಚೆ ಓಡುತ್ತೆ. ಹಾಡಿನಲ್ಲಿ ಮೇಲಿನ ಸ್ವರ ಬಂದಾಗಲೂ ಎಡಗೈ ತಾನಾಗಿ ಏರಿ, ಬೆರಳು ಬಿಡ್ ತೋರಿಸುವ ಹಾಗೆ ಬಿಚ್ಚಿಕೊಳ್ಳುತ್ತೆ. ಆ ಕೈ ಏರಿದರೆ ಸ್ವರ ಸರಿಯಾಗಿ ಕೂರುತ್ತೆ, ಜೇಬಿನಲ್ಲಿದ್ದರೆ ಕೂರೋದಿಲ್ಲ. ಮೈಕ್ ಸ್ಟ್ಯಾಂಡನ್ನು ಬಲಕ್ಕೆ ಸರಿಸಿ ಕೈಗೆ ಜಾಗ ಮಾಡಿಕೊಟ್ಟೆ. 'ಪ್ಯಾಂಡೆಮಿಕ್' ಮೂರೇ ಟೇಕಿಗೆ ಮುಗೀತು.

ಜುಲೈ 13

ಇಡೀ ಯೋಜನೆಯಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟ ದಿನ. 'ಟ್ಯೂಟಾನಿಕ್ ಟೆರರ್'ನ ಪಲ್ಲವಿಗೆ ಗುಂಪು ಬೇಕಲ್ಲ? ಬಲೆ ದುರಸ್ತಿ ಮಾಡುವ ಶೆಡ್ಡಿಗೆ ಹೋದೆವು. ಏಳು ಜನ, ಕಾಲ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಕೂತಿದ್ದರು. ಅವರಲ್ಲಿ ಇಬ್ಬರು ಹಿಂದೆ ರಂಪಣಿ (ದಡದಿಂದ ಹಗ್ಗ ಹಿಡಿದು ಎಳೆಯುವ ದೊಡ್ಡ ಬಲೆ) ಎಳೆದವರು. ಸಾಲು ಹೇಳಿಕೊಟ್ಟೆ. ಮೊದಲ ಸಲ ಎಲ್ಲರೂ ನಕ್ಕರು. ಎರಡನೇ ಸಲ ರಂಪಣಿಯ ಹಿರಿಯರೊಬ್ಬರು, "ಹಗ್ಗ ಎಳ್ದಂಗೆ ಕೂಗ್ರೋ," ಅಂದರು. ಹಗ್ಗ ಎಳೆಯುವಾಗ ಕೂಗು ಬೀಳೋದು ಜಗ್ಗುವ ಕ್ಷಣಕ್ಕೆ, ಅಂದರೆ ಸರಿಯಾಗಿ ಡ್ರಮ್ಮಿನ ಪೆಟ್ಟಿನ ಮೇಲೆ. ನಾನು ಮೂರು ವಾರದಿಂದ ಬ್ಯಾಂಡಿನವರಿಗೆ ಹೇಳಿಕೊಡಲು ಒದ್ದಾಡಿದ್ದನ್ನು ಅವರು ಒಂದು ಮಾತಲ್ಲಿ ಮುಗಿಸಿದರು. ಮೂರು ಸಲ, ಮೂರು ಕಡೆ ನಿಲ್ಲಿಸಿ ಫೋನಿನಲ್ಲೇ ರೆಕಾರ್ಡ್ ಮಾಡಿದೆ. ಏಳು ಜನ ಇಪ್ಪತ್ತೊಂದಾದರು. ತಗಡಿನ ಮೇಲಿನ ಮಳೆ ಬಂದಿದೆ, ಬರಲಿ.

ಜುಲೈ 24

16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಡ್ರಮ್ಮಿನವ ಕುಮಟಾದವ, ಹೆದ್ದಾರಿ ಬಂದ್. ಅವನು ಬರೋದಾದರೂ ಬಾರಿಸುವ ಮನಸ್ಸು ಯಾರಿಗೂ ಇರಲಿಲ್ಲ. ಗಂಗಾವಳಿ ನದಿಯಲ್ಲಿ ಕಾಣೆಯಾದವರನ್ನು ಇನ್ನೂ ಹುಡುಕುತ್ತಿದ್ದಾರೆ.

ಆಗಸ್ಟ್ 9

ನಿಷೇಧ ಮುಗೀತು, ಹಾಡುಗಾರ ಬಂದರಿಗೆ ಹೋದ. 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆಯೂ ಬಿತ್ತು. ಅದರ ಜೊತೆ ನೀರಿಗೆ ಬಿದ್ದ ಲಾರಿಯ ಚಾಲಕ ಬದುಕಿಕೊಂಡ. ಬಾಸ್ ಗಿಟಾರ್ ನುಡಿಸುವವ ಸದಾಶಿವಗಡದಲ್ಲಿ, ಆಚೆ ದಡದಲ್ಲಿ. ಅವನ ಭಾಗವನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸು ಅಂದೆ. ಕಳಿಸಿದ, ಅರ್ಧ ಸ್ವರ ಇಳಿಸೋದು ಮರೆತು.

ಆಗಸ್ಟ್ 18

ಗಿಟಾರನ್ನು ಪೂರ್ತಿ ಹೊಸದಾಗಿ ನುಡಿಸಿದೆ. ಆಂಪ್ಲಿಫೈಯರಿನ ಗೇನ್ (ಸದ್ದನ್ನು ಗರಗರ ಮಾಡುವ ತಿರುಗಣೆ) 7ರಲ್ಲಿದ್ದದ್ದನ್ನು 4ಕ್ಕೆ ಇಳಿಸಿ, ಒಂದೇ ರಿಫ್ಫನ್ನು (ಮತ್ತೆ ಮತ್ತೆ ಬರುವ ಗಿಟಾರ್ ಸಾಲು) ಎರಡು ಸಲ ನುಡಿಸಿ ಒಂದು ಎಡಗಿವಿಗೆ, ಒಂದು ಬಲಗಿವಿಗೆ ಕೊಟ್ಟೆ. ಗೇನ್ ಜಾಸ್ತಿ ಇದ್ದರೆ ದಪ್ಪ ಕೇಳುತ್ತೆ ಅಂತ ಮೂವತ್ತು ವರ್ಷ ನಂಬಿದ್ದೆ. ಕೇಳೋದು ಬರೀ ಕೆಸರು.

'ಕಿಲ್ ದ ಪೇನ್' ಕೊನೆಯ ಚರಣ ಬಾಕಿ ಇತ್ತು. ಇವತ್ತು ಭಾನುವಾರ ಹಾಡುಗಾರ ಹರಾಜು ಮುಗಿಸಿ ಒಂಬತ್ತಕ್ಕೆ ಸೀದಾ ಇಲ್ಲಿಗೆ ಬಂದ, ಪ್ಯಾಂಟಿನ ತುದಿಯಲ್ಲಿ ಮೀನಿನ ಹುರುಪೆ ಹಾಗೇ ಇತ್ತು. ದನಿ ಸವೆದು ಹೋಗಿತ್ತು, ಮೇಲಿನ ಸ್ವರ ಒಂದು ಕಡೆ ಒಡೆಯಿತು. ಇನ್ನೊಂದು ಟೇಕ್ ತಗೊಳ್ಳೋಣವಾ ಅಂದೆ. "ಸಾಕಲಾ," ಅಂದ. ಎರಡು ಸಲ ಕೇಳಿ ನನಗೂ ಸಾಕು ಅನ್ನಿಸಿತು, ಹಾಗೇ ಇಟ್ಟೆ. ಸರಿಮಾಡಿದ ಬಾಸ್ ಫೈಲ್ ಇನ್ನೂ ಬಂದಿಲ್ಲ.